ಬೇನಜೀರ ಬಾಯಾರು ಅತ್ತಿರಲಿಲ್ಲ

ಸೋಮವಾರ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಮಾರ್ಕೆಟ್. ನಮ್ಮವರು ಲಕ್ಕಪ್ಪ ಅಲ್ಲಿ ಹಮಾಲರು, ಚೀಲ ಹೊರುತ್ತಿದ್ದರು. ನಾನು ಹತ್ತಿರದ ಶೆಡ್ಡಿನಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದೆ. ಆ ಸೋಮವಾರ ಮಧ್ಯಾಹ್ನ ಅವರು ಶೆಡ್ಡಿನ ಬಾಗಿಲಿಗೆ ಬಂದು ನಿಂತರು.

"ಫೋನಿನ ಚಾರ್ಜರ್ ಎಲ್ಲಿ ಇಟ್ಟೀದಿ?"

"ನಿಮ್ಮ ಕಣ್ಣ ಮುಂದನ ಗೂಟಕ್ಕ ಜೋತಾಡಾಕತ್ತೈತಿ."

"ನನ್ನ ಕಣ್ಣಿಗೆ ನೀ ಬಿಟ್ರ ಬ್ಯಾರೆ ಏನೂ ಕಾಣಂಗಿಲ್ಲ ನೋಡು."

ಶೆಡ್ಡಿನ ಹೆಂಗಸರೆಲ್ಲ ನಕ್ಕರು. ನಾನು ಒಂದು ಹಿಡಿ ತೊಟ್ಟು ತೆಗೆದು ಅವರ ಮೇಲೆ ಎಸೆದೆ. ಸಂಜೆ ಎದೆ ಉರಿಯುತ್ತಿದೆ ಎಂದು ಸೋಡಾ ಕುಡಿದರು. ಮಲಗಿದರು. ಆ ದಿನ ಅಷ್ಟೇ.

ಮರುದಿನ ಲಾರಿ ತುಂಬಲು ಹೋದರು. ಬಿಸಿಲೇರುವ ಹೊತ್ತಿಗೆ ಹಮಾಲರ ಮುಖಂಡ ಲಕ್ಷ್ಮಪ್ಪ ಶೆಡ್ಡಿಗೆ ಬಂದ.

"ತಂಗಿ ಹೊಳಿಯವ್ವ, ಲಕ್ಕಪ್ಪಗ ಸ್ವಲ್ಪ ಆರಾಮಿಲ್ಲ. ಹಾವೇರಿ ದವಾಖಾನಿಗೆ ಕಳಿಸೇವಿ. ಗಾಬರಿ ಆಗಬ್ಯಾಡ, ನಡಿ."

ಹಾವೇರಿಯಲ್ಲಿ ನನ್ನನ್ನು ದವಾಖಾನೆಯ ಒಳಗೆ ಕರೆದುಕೊಂಡು ಹೋಗಲಿಲ್ಲ. ಎದುರಿನ ಹೋಟೆಲಿನಲ್ಲಿ ಕೂರಿಸಿ ಇಡ್ಲಿ ತರಿಸಿದ. "ಮೊದಲ ತಿನ್ನು. ಒಳಗ ಡಾಕ್ಟರ್ ಅದಾರ, ಈಗ ಬಿಡಂಗಿಲ್ಲ" ಎಂದ. ತಿಂದೆ. ಚಹಾ ಕುಡಿದೆ. ಚಟ್ನಿ ಚಲೋ ಐತಿ ಎಂದೂ ಅಂದೆ. ಲಕ್ಷ್ಮಪ್ಪ ಮುಖ ಅತ್ತ ತಿರುಗಿಸಿದ. ಆಮೇಲೆ ಹೇಳಿದ. ನಮ್ಮವರು ಮಾರ್ಕೆಟ್ಟಿನಲ್ಲೇ, ಚೀಲದ ಮೇಲೆ ಕುಳಿತಲ್ಲೇ ಹೋಗಿಬಿಟ್ಟಿದ್ದರು.

ನಮ್ಮ ಕಡೆ ಹೀಗೇ ಮಾಡುತ್ತಾರೆ. ಸುದ್ದಿ ಕೇಳಿದ ಮೇಲೆ ಹೆಂಡತಿ ಏನೂ ತಿನ್ನುವುದಿಲ್ಲ, ಅದಕ್ಕೆ ಮೊದಲು ತಿನಿಸಿ ಆಮೇಲೆ ಹೇಳುತ್ತಾರೆ. ಕೆಟ್ಟ ಬುದ್ಧಿಯಿಂದಲ್ಲ. ಕರುಣೆಯಿಂದಲೇ.

ಮಣ್ಣು ಮಾಡಿ ಬಂದ ಮೇಲೆ ನನಗೆ ಅನ್ನ ಇಳಿಯಲಿಲ್ಲ. ತುತ್ತು ಬಾಯಿಯೊಳಗೆ ತಿರುಗುತ್ತಿತ್ತು, ಗಂಟಲಿಗೆ ಹೋಗಿ ನಿಲ್ಲುತ್ತಿತ್ತು. ಮಜ್ಜಿಗೆ, ಗಂಜಿ ಇಷ್ಟೇ. ಅಳುವೂ ಬರಲಿಲ್ಲ. ಕುಪ್ಪಸ ಜೋಲಾಡತೊಡಗಿದವು, ತೋಳು ಕಡ್ಡಿಯಂತಾದವು. ಮಗಳು ಅಂಜಲಿ ರಾಣೆಬೆನ್ನೂರಿನಲ್ಲಿ ಬೀಜದ ಪಾಕೀಟು ತುಂಬುವ ಕೆಲಸಕ್ಕೆ ಹೋಗುತ್ತಾಳೆ. ಒಂದು ದಿನ ನನ್ನ ತೋಳು ಹಿಡಿದು ನೋಡಿದಳು.

"ಅವ್ವಾ, ಅಪ್ಪ ಹೋದ. ನೀನೂ ಹೊಂಟಿಯೇನು?"

ದವಾಖಾನೆಯಲ್ಲಿ ಗಂಟಲಿಗೆ ನಳಿಗೆ ಇಳಿಸಿ ನೋಡಿದರು. ಏನೂ ಇರಲಿಲ್ಲ. ಡಾಕ್ಟರು ಒಂದು ಹೆಸರು ಹೇಳಿದರು: ಬೇನಜೀರ. ಹಾವೇರಿಯಲ್ಲಿ ಒಂದು ಸಂಸ್ಥೆಯವರು ಕೊಟ್ಟ ಕೋಣೆಯಲ್ಲಿ ಕೂರುತ್ತಾರೆ, ನಮ್ಮಂಥವರಿಂದ ಏನೂ ತೆಗೆದುಕೊಳ್ಳುವುದಿಲ್ಲ, ಮನಸ್ಸಿಗೆ ಔಷಧ ಮಾಡುತ್ತಾರೆ ಎಂದರು.

ನಾನು ತಾಯಿತ ಎಂದುಕೊಂಡೆ. ಕೆಳಗೆ ಹೊಲಿಗೆ ಅಂಗಡಿ, ಮೇಲೆ ಕೋಣೆ. ಎರಡು ಕುರ್ಚಿ, ಒಂದು ಫ್ಯಾನು. ನನ್ನ ಮಗಳಿಗಿಂತ ಸ್ವಲ್ಪ ದೊಡ್ಡ ಹೆಣ್ಣುಮಗಳು, ತಲೆಯ ಮೇಲೆ ದುಪಟ್ಟಾ. ಏನೆಂದು ಕರೆಯಬೇಕೋ ತಿಳಿಯದೆ, ಸಾಲಿ ಕಲಿಸುವವರನ್ನು ಕರೆದಂತೆ ಬಾಯಾರ ಎಂದೆ.

"ಬಾಯಾರ, ತಾಯಿತ ಕಟ್ಟತೀರೇನ್ರಿ?"

"ಇಲ್ರಿ ಅಕ್ಕಾರ."

"ಗುಳಿಗಿ?"

"ಅದೂ ಇಲ್ರಿ."

"ಮತ್ತೇನ ಕೊಡ್ತೀರಿ?"

"ವಾರಕ್ಕ ಒಂದ ತಾಸು. ಬುಧವಾರ ಮೂರಕ್ಕ. ಆ ತಾಸು ನಿಮ್ಮದು."

ಇದೇನು ಕೊಡುವುದು ಎಂದು ಮನಸ್ಸಿನಲ್ಲೇ ನಕ್ಕೆ. ಮೊದಲ ದಿನ ನಾನು ಹೆಚ್ಚು ಮಾತಾಡಲಿಲ್ಲ. ಬಾಯಾರೂ ಸುಮ್ಮನಿದ್ದರು. ನಮ್ಮ ಓಣಿಯವರು ಸುಮ್ಮನೆ ಕುಳಿತರೆ ಎದ್ದು ಹೋಗುವ ನೆವ ಹುಡುಕುತ್ತಿರುತ್ತಾರೆ. ಇವರು ಎಲ್ಲಿಗೂ ಹೋಗುವವರಂತೆ ಕಾಣಲಿಲ್ಲ. ಮಗಳ ಮುಖ ನೋಡಿ ಬದುಕು ಅನ್ನಲಿಲ್ಲ. ದೇವರಿದ್ದಾನೆ ಅನ್ನಲಿಲ್ಲ. ತಾಸು ಮುಗಿಯುತ್ತಿದ್ದ ಹಾಗೆ "ಇವತ್ತಿಗೆ ಮುಗೀತ್ರಿ" ಎಂದು ಎದ್ದರು. ಒಂದು ಸಲ ಅರ್ಧ ಮಾತಿನಲ್ಲಿದ್ದೆ, ಆಗಲೂ ಎದ್ದರು. ಮೆಟ್ಟಿಲು ಇಳಿಯುತ್ತ ಬೈದುಕೊಂಡೆ. ಆದರೆ ಮುಂದಿನ ಬುಧವಾರ ಆ ಅರ್ಧ ಮಾತನ್ನು ನಾನು ಎಲ್ಲಿ ಬಿಟ್ಟಿದ್ದೆನೋ ಅಲ್ಲಿಂದಲೇ ಅವರು ಎತ್ತಿ ಹೇಳಿದರು. ನಾನು ಆಡಿದ ಮಾತನ್ನು ಒಬ್ಬರು ವಾರಪೂರ್ತಿ ಇಟ್ಟುಕೊಂಡಿದ್ದರು.

ಕೆಳಗಿನ ಹೊಲಿಗೆ ಅಂಗಡಿಯ ಅಕ್ಬರಬಿ ಬಾಯಾರ ಚಿಕ್ಕಮ್ಮ. ಬಸ್ಸು ಬೇಗ ಬಂದ ದಿನ ಆಕೆಯ ಹತ್ತಿರ ಕೂರುತ್ತಿದ್ದೆ. ಬಾಯಾರನ್ನು ಅವರ ಬಗ್ಗೆ ಏನು ಕೇಳಿದರೂ "ಅದನ್ನ ಕೇಳಬೇಕು ಅಂತ ಯಾಕ ಅನಿಸ್ತ್ರಿ?" ಎಂದು ನನ್ನನ್ನೇ ಕೇಳುತ್ತಿದ್ದರು. ಅಕ್ಬರಬಿ ಹಾಗಲ್ಲ. ಕೇಳದೆಯೇ ಎಲ್ಲ ಹೇಳಿದಳು. ಬಾಯಾರದು ರಾಣೆಬೆನ್ನೂರು. ಅಪ್ಪ ನಬಿಸಾಬ ಟೆಂಪೋ ಹೊಡೆಯುತ್ತಾನೆ. ಮಗಳು ಧಾರವಾಡದಲ್ಲಿ ಓದಿದಳು.

"ವರ ನೋಡಾಕ ಬಂದೋರು ಹುಡುಗಿ ಹುಚ್ಚರ ಡಾಕ್ಟರ ಅಂತ ಚಹಾ ಸೈತ ಕುಡೀದ ಎದ್ದು ಹೋದ್ರು. ಆರಿಫ್ ಒಬ್ಬ ಧೈರ್ಯ ಮಾಡಿ ಲಗ್ನ ಆದ."

"ಭಾಳ ತಾಳ್ಮಿ ಬಿಡ್ರಿ ನಿಮ್ಮ ಹುಡುಗಿಗೆ" ಎಂದೆ.

ಅಕ್ಬರಬಿ ಮಷಿನ್ನು ನಿಲ್ಲಿಸಿ ನಕ್ಕಳು. "ಯಾರಿಗೆ, ಬೇನಜೀರಗ? ಸಿಟ್ಟು ಬಂದ್ರ ಬೋಗುಣಿ ಒಗೀತಿದ್ಲವ್ವ! ನನ್ನ ಒಂದ ಹಿತ್ತಾಳಿ ತಂಬಗಿ ಇನ್ನೂ ನೆಗ್ಗೈತಿ. ಈಗ ನೋಡು. ತಿಂಗಳಿಗೊಮ್ಮೆ ಧಾರವಾಡಕ್ಕ ಹೋಗಿ ತಾನೂ ಕಲಿಸಿದ ಗುರುಗಳ ಮುಂದ ಕುಂದರ್ತಾಳ. ನಿಮ್ಮ ಮುಂದ ತಾ ಎಲ್ಲಿ ತಪ್ಪಿದೆ ಅಂತ ಅವರಿಗೆ ಹೇಳ್ತಾಳಂತ."

ನಾನು ಬೆರಗಾದೆ. ಡಾಕ್ಟರು, ವಕೀಲರು, ಸಾಹೇಬರು ಎಷ್ಟೋ ಮಂದಿಯನ್ನು ನೋಡಿದ್ದೇನೆ. ಎಲ್ಲಿ ತಪ್ಪಿದೆ ಎಂದು ಹೇಳಲು ಬಸ್ಸು ಹತ್ತಿ ಹೋಗುವವರನ್ನು ನೋಡಿರಲಿಲ್ಲ.

ಬೇಸಿಗೆಯ ಒಂದು ಬುಧವಾರ ನಾನು ಶೆಡ್ಡಿನಿಂದ ನೇರವಾಗಿ ಹೋಗಿದ್ದೆ. ಬಾಯಾರು ಫ್ಯಾನು ಜೋರು ಮಾಡಿದರು. ನಮ್ಮವರು ಚಾರ್ಜರ್ ಕೇಳಿದ್ದನ್ನು ಹೇಳುತ್ತಿದ್ದೆ. ತಲೆ ಎತ್ತಿದರೆ ಬಾಯಾರ ಕಣ್ಣಿನಿಂದ ನೀರು ಇಳಿಯುತ್ತಿತ್ತು. ದುಪಟ್ಟಾದ ತುದಿಯಿಂದ ಒರೆಸಿಕೊಂಡು "ಹೇಳ್ರಿ" ಎಂದರು.

ನಾನು ಅಳದವಳು. ನನ್ನ ಗಂಡನಿಗಾಗಿ ಯಾರೋ ಒಬ್ಬರು, ನಮ್ಮ ಜಾತಿಯವರಲ್ಲ, ಓಣಿಯವರಲ್ಲ, ಅತ್ತಿದ್ದರು. ಶೆಡ್ಡಿನಲ್ಲಿ ಎಲ್ಲರಿಗೂ ಹೇಳಿದೆ. ಆ ವಾರ ಒಂದಿಷ್ಟು ಮೊಸರನ್ನ ಗಂಟಲು ದಾಟಿತು. ಅಂಜಲಿ ಓಡಿ ಹೋಗಿ ಪಕ್ಕದ ಮನೆಯವರಿಗೆ ಹೇಳಿ ಬಂದಳು. ಮುಂದಿನ ಬುಧವಾರ ಬಾಯಾರಿಗೂ ಹೇಳಿದೆ.

"ನೀವು ನಮ್ಮವರ ಸಲುವಾಗಿ ಅತ್ತೀರಿ. ಅದಕ್ಕ ನನಗ ಅನ್ನ ಇಳೀತು."

ಬಾಯಾರು ಏನೂ ಅನ್ನಲಿಲ್ಲ. ಮತ್ತೊಂದು ಬುಧವಾರ ಬಂತು. ನಾನು ಕುಳಿತ ಕೂಡಲೇ ಅವರೇ ಮಾತು ತೆಗೆದರು.

"ಅಕ್ಕಾರ, ಒಂದು ಮಾತು ಹೇಳೋದೈತಿ. ಅವತ್ತು ನನ್ನ ಕಣ್ಣಾಗ ನೀರು ಬಂದಿದ್ದು ಖಾರಕ್ಕ. ನಿಮ್ಮ ಸೀರಿಯೊಳಗಿನ ಖಾರದ ಧೂಳು ಫ್ಯಾನಿನ ಗಾಳಿಗೆ ಎದ್ದಿತ್ತು. ನಾ ಅತ್ತಿರಲಿಲ್ಲ. ಹೋದ ವಾರನ ಹೇಳಬೇಕಿತ್ತು, ಹೇಳಲಿಲ್ಲ."

ನನ್ನ ಕಣ್ಣು ಖಾರಕ್ಕೆ ನೀರು ಸುರಿಸುವುದನ್ನು ಬಿಟ್ಟು ವರ್ಷಗಳೇ ಆಗಿದ್ದವು. ಬೇರೆಯವರ ಕಣ್ಣು ಉರಿಯುತ್ತವೆ ಎನ್ನುವುದೇ ನನಗೆ ಮರೆತುಹೋಗಿತ್ತು. ಎದ್ದೆ. ಚಪ್ಪಲಿ ಕೈಯಲ್ಲೇ ಹಿಡಿದು ಮೆಟ್ಟಿಲು ಇಳಿದೆ.

ಅಂದಿನಿಂದ ಮೊಸರನ್ನವೂ ನಿಂತಿತು. ಮಜ್ಜಿಗೆಯೂ ಕಷ್ಟವಾಯಿತು. ಅಂಜಲಿಗೆ ಬಾಯಾರ ಮೇಲೆ ಸಿಟ್ಟು.

"ಹೇಳದಿದ್ರ ಏನ ಗಂಟು ಹೋಗ್ತಿತ್ತು ಆಕೀದು? ಉಣ್ಣಾಕತ್ತಿದ್ದಿ. ಹಂಗ ಬಿಟ್ಟಿದ್ರ ಆಗ್ತಿರಲಿಲ್ಲೇನು?"

ನನಗೂ ಹಾಗೇ ಅನಿಸಿತ್ತು. ಬಾಯಾರು ಒಂದೇ ಸಲ ಫೋನು ಮಾಡಿದರು. ಬರ್ರಿ ಎಂದು ಬೇಡಿಕೊಳ್ಳಲಿಲ್ಲ. "ಬುಧವಾರ ಮೂರರ ತಾಸು ನಿಮ್ಮದ ಐತ್ರಿ. ಬಂದು ಬೈದ್ರೂ ನಡೀತೈತಿ" ಎಂದರು. ಆ ಬುಧವಾರ ನಾನು ಹೋಗಲಿಲ್ಲ. ಅದರ ಮುಂದಿನ ಬುಧವಾರ ಹೋದೆ. ಬೈಯುವುದಕ್ಕೇ ಹೋದೆ. ಬಸ್ಸಿನಲ್ಲಿ ಕಂಬಿ ಹಿಡಿದು ನಿಲ್ಲುವ ಶಕ್ತಿ ಇರಲಿಲ್ಲ, ಯಾರೋ ಎದ್ದು ಸೀಟು ಕೊಟ್ಟರು.

ಅಕ್ಬರಬಿ ಬಾಗಿಲಲ್ಲೇ ಸಿಕ್ಕಳು. "ಹೋದ ವಾರ ಯಾಕ ಬರಲಿಲ್ಲವ್ವ? ನಿನ್ನ ಕುರ್ಚಿ ಎದುರಿಗೆ ಇಟ್ಕೊಂಡು ಬೇನಜೀರ ಒಬ್ಬಾಕೀನ ಕುಂತಿದ್ಲು. ನಾ ಚಹಾ ಒಯ್ದೆ. ಈಗ ಬ್ಯಾಡ ಖಾಲಾ, ಇದು ಹೊಳಿಯವ್ವಾರ ತಾಸು ಅಂದ್ಲು."

ಮೆಟ್ಟಿಲ ಮೇಲೆ ನನ್ನ ಕಾಲು ಸ್ವಲ್ಪ ತಡೆಯಿತು. ಆದರೂ ಸಿಟ್ಟು ಹೋಗಿರಲಿಲ್ಲ. ಒಳಗೆ ಹೋದವಳು ಕುಳಿತುಕೊಳ್ಳಲಿಲ್ಲ.

"ನೀವೂ ಅವರಂಗ!"

"ಯಾರಂಗ್ರಿ?"

"ಲಕ್ಷ್ಮಪ್ಪನಂಗ! ಮೊದಲ ತಿನಿಸೋದು, ಆಮ್ಯಾಲ ಹೇಳೋದು! ಒಳಗ ಗಂಡನ ಹೆಣ ಮಲಗೈತಿ, ಎದುರಿಗೆ ಕುಂತು ನಾ ಇಡ್ಲಿ ತಿಂದೆ. ಚಟ್ನಿ ಚಲೋ ಐತಿ ಅಂದೆ! ಹೋಟೆಲಿನವರಿಗೆ ಸೈತ ಗೊತ್ತಿತ್ತು. ಊರಿಗೆಲ್ಲ ಗೊತ್ತಿತ್ತು. ನನಗೊಬ್ಬಾಕಿಗೆ ಗೊತ್ತಿರಲಿಲ್ಲ!"

ಇಡ್ಲಿಯ ಮಾತನ್ನು ನಾನು ಆ ಕೋಣೆಯಲ್ಲಿ ಎಂದೂ ತೆಗೆದಿರಲಿಲ್ಲ. ಮಗಳ ಮುಂದೆಯೂ ತೆಗೆದಿರಲಿಲ್ಲ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಕೆಳಗೆ ಹೊಲಿಗೆ ಮಷಿನ್ನು ನಿಂತಿತು.

ಬಾಯಾರು ಕುರ್ಚಿಯಲ್ಲಿ ಹಿಂದೆ ಸರಿಯಲಿಲ್ಲ. ಸಮಾಧಾನ ಮಾಡ್ಕೊಳ್ರಿ ಅನ್ನಲಿಲ್ಲ.

"ಹೌದ್ರಿ" ಎಂದರು. "ಅವರು ಇಡ್ಲಿ ತಿನಿಸಿದ್ರು. ನಾನು ಇಲ್ಲದ ಕಣ್ಣೀರು ತಿನಿಸಿದೆ. ಆಮ್ಯಾಲ ಹೇಳಿದೆ. ನಿಮಗ ಅದನ್ನ ಎರಡನೇ ಸಲ ಮಾಡಿದಾಕಿ ನಾನು."

"ಯಾಕ ಮಾಡಿದ್ರಿ?"

"ನೀವು ಅತ್ತೀರಿ ಅಂದಾಗ ನನಗ ಹಿತ ಅನಿಸ್ತು. ನಾ ಭಾಳ ಒಳ್ಳೆಯಾಕಿ ಅನಿಸ್ತು. ಅದನ್ನ ಬಿಡಾಕ ಮನಸ್ಸಾಗಲಿಲ್ಲ."

ನಾನು ಅವರ ಮುಖವನ್ನೇ ನೋಡಿದೆ. ಇಂಥ ಮಾತನ್ನು ದೊಡ್ಡವರು ಚಿಕ್ಕವರು ಯಾರೂ ನನ್ನ ಮುಂದೆ ಆಡಿರಲಿಲ್ಲ. ಬೈಯಲು ತಂದ ಮಾತೆಲ್ಲ ಎಲ್ಲಿ ಹೋದವೋ. ಕುರ್ಚಿಯಲ್ಲಿ ಕುಳಿತೆ.

"ಹಂಗಾರ ನಮ್ಮವರ ಸಲುವಾಗಿ ನಿಮಗ ಏನೂ ಅನಿಸಲೇ ಇಲ್ಲೇನ್ರಿ?"

ಬಾಯಾರು ಯೋಚನೆ ಮಾಡಿ ಹೇಳಿದರು.

"ನಿಮ್ಮವರನ್ನ ನಾ ನೋಡಿಲ್ರಿ. ನಿಮ್ಮನ್ನ ನೋಡೇನಿ. ನೀವು ಕಣ್ಣು ಒದ್ದಿ ಆಗದಂಗ ಅವರ ಮಾತು ಹೇಳುವಾಗ ನನಗ ಹೆದರಿಕಿ ಆಗ್ತಿತ್ತು. ಈ ಹೆಣ್ಣಮಗಳು ನನ್ನ ಕಣ್ಣ ಮುಂದನ ಸವದು ಹೋಗ್ತಾಳ ಅಂತ. ಅದೊಂದು ಖರೇ."

ಆಗ ಅಳು ಬಂತು. ಹೇಗೆ ಬಂತು ಎಂದು ಬರೆಯಲು ನನಗೆ ಬರುವುದಿಲ್ಲ. ಹೊಟ್ಟೆಯಿಂದ ಬಂತು. ಬಾಯಾರು ನನ್ನನ್ನು ಮುಟ್ಟಲಿಲ್ಲ, ಅವರ ಕಣ್ಣಲ್ಲಿ ನೀರು ಬರಲಿಲ್ಲ. ನೋಡುತ್ತ ಕುಳಿತರು. ನನಗೆ ಅವರ ಕಣ್ಣೀರು ಬೇಕಾಗಿರಲಿಲ್ಲ ಎಂದು ಆಗ ಗೊತ್ತಾಯಿತು. ಗೊತ್ತಿದ್ದದ್ದನ್ನು ಬಚ್ಚಿಡದೆ ಎದುರಿಗೆ ಕೂರುವ ಒಬ್ಬರು ಬೇಕಾಗಿತ್ತು.

ಅಷ್ಟು ಅತ್ತ ಮೇಲೂ ಬಾಯಾರು "ತಾಸು ಮುಗೀತ್ರಿ" ಎಂದರು.

"ಏನ್ ಗಟ್ಟಿ ಹೆಂಗಸ್ರಿ ನೀವು!" ಎಂದೆ. ಇಬ್ಬರೂ ನಕ್ಕೆವು.

ಅಂಜಲಿ ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದಳು, ಕೈಯಲ್ಲಿ ಗಿರ್ಮಿಟ್ಟಿನ ಪೊಟ್ಟಣ. ಕೇಳದೆಯೇ ಕಸಿದುಕೊಂಡು ತಿಂದೆ. ಮಂಡಕ್ಕಿ, ಈರುಳ್ಳಿ, ಹಸಿಮೆಣಸಿನಕಾಯಿ. ಗಂಟಲು ಕೆರೆಯಿತು. ಆದರೆ ಇಳಿಯಿತು. ಅಂಜಲಿ ಬಾಯಿ ಬಿಟ್ಟು ನಿಂತಿದ್ದಳು. "ಇನ್ನೊಂದು ತಗೊಂಡ ಬಾ" ಎಂದೆ.

ಎಲ್ಲ ಒಂದೇ ದಿನಕ್ಕೆ ಸರಿಹೋಗಲಿಲ್ಲ. ಮಳೆಗಾಲ ಮುಗಿಯುವವರೆಗೆ ಹೋದೆ. ಎದೆ ಉರಿ ಎಂದು ಸೋಡಾ ಕುಡಿದು ನೋವನ್ನು ನನ್ನಿಂದ ಮುಚ್ಚಿಟ್ಟ ಗಂಡನನ್ನೂ ಆ ಕೋಣೆಯಲ್ಲಿ ಬೈದೆ. ಸತ್ತವರನ್ನು ಬೈಯಬಾರದು ಎಂದು ಬಾಯಾರು ಅನ್ನಲಿಲ್ಲ. ಒಂದು ಸಲ ಬಾಯಾರೇ ನಮ್ಮವರ ಹೆಸರು ತಪ್ಪಿ ಲಕ್ಷ್ಮಪ್ಪ ಎಂದರು. ಆಗ ನಾನು ಎದ್ದು ಹೋಗಲಿಲ್ಲ. "ಅಂವ ತಿನಿಸಿದಾಂವ್ರಿ. ನಮ್ಮವರು ಲಕ್ಕಪ್ಪ" ಎಂದೆ. "ತಪ್ಪಾತ್ರಿ, ಲಕ್ಕಪ್ಪ" ಎಂದರು. ತಪ್ಪಿದರೆ ಹೇಳಬಹುದು, ಹೇಳಿದರೆ ಮುರಿಯುವುದಿಲ್ಲ. ಅಷ್ಟು ವರ್ಷ ಸಂಸಾರ ಮಾಡಿಯೂ ನನಗೆ ಇದು ಗೊತ್ತಿರಲಿಲ್ಲ.

ಬಾಯಾರು ಈಗಲೂ ಅದೇ ಕೋಣೆಯಲ್ಲಿ ಕೂರುತ್ತಾರೆ. ನನ್ನ ಬುಧವಾರದ ತಾಸು ಈಗ ಬೇರೆ ಯಾರದೋ ಇದೆ. ಅವರು ಯಾರೆಂದು ಅಕ್ಬರಬಿಗೂ ಗೊತ್ತಿಲ್ಲ. ಬೋಗುಣಿ ಎಸೆಯುತ್ತಿದ್ದ ಹುಡುಗಿ ಬೇರೆಯವರ ಸಿಟ್ಟಿನ ಮುಂದೆ ಹಾಗೆ ಕೂರುವುದನ್ನು ಹೇಗೆ ಕಲಿತಳೋ.

ನಮ್ಮವರು ಇಲ್ಲ. ಅದು ಹಾಗೇ ಇದೆ. ಬೆಳಿಗ್ಗೆ ಎದ್ದು ಒಲೆ ಹೊತ್ತಿಸುತ್ತೇನೆ, ಜೋಳದ ಹಿಟ್ಟಿಗೆ ಕುದಿಯುವ ನೀರು ಹಾಕಿ ನಾದುತ್ತೇನೆ, ರೊಟ್ಟಿ ಬಡಿಯುತ್ತೇನೆ. ಹಿಂದೆ ಅವರ ಬುತ್ತಿ, ಅಂಜಲಿಯ ಬುತ್ತಿ ಆಗಿ ಉಳಿದ ಹಿಟ್ಟು ನನಗೆ. ಈಗ ಮೊದಲನೆಯ ರೊಟ್ಟಿ ನನಗೆ. ಒಲೆಯ ಪಕ್ಕದಲ್ಲೇ ಕುಳಿತು ಬಿಸಿ ಇರುವಾಗಲೇ ಶೇಂಗಾ ಚಟ್ನಿಪುಡಿ ಹಚ್ಚಿಕೊಂಡು ತಿನ್ನುತ್ತೇನೆ. ಕೆಲವು ದಿನ ತುತ್ತು ನಿಲ್ಲುತ್ತದೆ. ಒಂದು ಗುಟುಕು ನೀರು ಕುಡಿದು ಕಾಯುತ್ತೇನೆ. ಇಳಿಯುತ್ತದೆ. ಆಮೇಲೆ ಅಂಜಲಿಯ ರೊಟ್ಟಿ ಬಡಿಯಲು ಹಿಟ್ಟಿಗೆ ಕೈ ಹಾಕುತ್ತೇನೆ.