ನನ್ನ ತಲೆಯ ಮೇಲಿಟ್ಟ ಆಣೆ

ನನ್ನ ಚಪ್ಪಲಿ ಮೊದಲ ಸಲ ಕಾಣೆಯಾದದ್ದು ಅವರೆಕಾಯಿ ಸುಗ್ಗಿ ಶುರುವಾದ ದಿನಗಳಲ್ಲಿ. ನಾನು ಪಾಠ ಹೇಳುವುದು ಹೊಳೆನರಸೀಪುರದ ಒಂದು ಕಾಲೇಜಿನಲ್ಲಿ. ಮನೆ ಇರುವುದು ಅರಕಲಗೂಡಿನಲ್ಲಿ, ಗಂಡನ ಬೀಜ-ಗೊಬ್ಬರದ ಅಂಗಡಿಯ ಹಿಂದೆ. ಬೆಳಗಿನ ಬಸ್ಸು ತಪ್ಪಿದರೆ ಮೊದಲ ಪೀರಿಯಡ್ಡಿಗೆ ಎಳ್ಳುನೀರು ಬಿಟ್ಟ ಹಾಗೆಯೇ. ಅಂಥ ಹೊತ್ತಿನಲ್ಲಿ ಚಪ್ಪಲಿ ಇಲ್ಲ. ಮನೆಯೆಲ್ಲ ಜಾಲಾಡಿ, ಗಂಡನ ಮೇಲೆ ರೇಗಾಡಿ, ಕೊನೆಗೆ ಬಚ್ಚಲಿಗೆ ಹಾಕಿಕೊಳ್ಳುವ ಹವಾಯಿ ಚಪ್ಪಲಿಯನ್ನೇ ಮೆಟ್ಟಿಕೊಂಡು ಓಡಿದೆ. ಸಂಜೆ ನೋಡಿದರೆ ಅಂಗಡಿಯಲ್ಲಿ ಜೋಳದ ಬೀಜದ ಮೂಟೆಗಳ ಹಿಂದೆ ಕೂತಿದೆ. ಇಲಿ ಎಳೆದಿರಬೇಕು ಎಂದರು ಗಂಡ. ಎರಡನ್ನೂ ಎಳೆದು ಜೋಡಿಸಿ ಇಡುವಷ್ಟು ಶಿಸ್ತಿನ ಇಲಿಯಿದ್ದರೆ ಅಂಗಡಿಯಲ್ಲಿ ಕೆಲಸಕ್ಕೇ ಇಟ್ಟುಕೊಳ್ಳಿ ಎಂದೆ.

ಆಮೇಲೆ ಬಸ್ ಪಾಸು ಕಾಣೆಯಾಯಿತು. ಅದು ಸಿಕ್ಕ ಮೇಲೆ ಫೋನು. ಗಂಡ ಕರೆ ಮಾಡಿದಾಗ ವಾಷಿಂಗ್ ಮೆಷಿನ್ನಿನ ಒಳಗಿಂದ ಶಬ್ದ ಬಂತು. ನಾಲ್ಕನೇ ಕ್ಲಾಸಿನ ನನ್ನ ಮಗಳು ಬಾಗಿಲಿಗೆ ಒರಗಿ ನೋಡುತ್ತಿದ್ದಳು. ಕಿತಾಪತಿ ಮಾಡಿದ ಮಗು ಬೈಗುಳ ಬೀಳುವ ಮುಂಚೆ ಒಂದು ಸಲವಾದರೂ ತುಟಿ ಕಚ್ಚಿ ನಗು ತಡೆದುಕೊಳ್ಳುತ್ತದೆ. ಇವಳ ಮುಖದಲ್ಲಿ ನಗುವಿನ ಸುಳಿವೇ ಇರಲಿಲ್ಲ.

"ಇವತ್ತು ರಜ ಹಾಕಮ್ಮಾ, ಬಸ್ಸಲ್ಲಿ ಹೋಗ್ಬೇಡ," ಎಂದಳು, ಅಷ್ಟೇ.

ಗೆಳತಿಯ ಜೊತೆ ಜಗಳವಾಗಿದೆ, ಅದಕ್ಕೇ ಹೀಗಾಡುತ್ತಾಳೆ ಎಂದುಕೊಂಡೆ. ಇಬ್ಬರೂ ಒಂದೇ ಕ್ಲಾಸು, ಒಂದೇ ಸ್ಕೂಲ್ ವ್ಯಾನು. ಆ ಹುಡುಗಿಯ ಮನೆ ನಮ್ಮ ಪಕ್ಕದ ಬೀದಿಯಲ್ಲಿ. ಹಿಂದಿನ ವರ್ಷ ಗೌರಿ ಹಬ್ಬದ ಹೊತ್ತಿಗೆ ಅವಳ ತಾಯಿ ಜ್ವರ ಬಂದು ತೀರಿಕೊಂಡಿದ್ದರು. ತಂದೆಗೆ ಚನ್ನರಾಯಪಟ್ಟಣದಲ್ಲಿ ತೆಂಗಿನಕಾಯಿ ವ್ಯಾಪಾರ, ಆಗೊಮ್ಮೆ ಈಗೊಮ್ಮೆ ಬಂದುಹೋಗುತ್ತಾರೆ. ಸಾಕುತ್ತಿರುವುದು ಅಜ್ಜಿ. ಒಂದೇ ಡಬ್ಬಿಯಲ್ಲಿ ತಿಂದು ಬೆಳೆದ ಆ ಎರಡು ಹುಡುಗಿಯರು ಈಗ ಟೂ ಬಿಟ್ಟು, ವ್ಯಾನಿನಲ್ಲಿ ಒಬ್ಬಳು ಆ ಕಿಟಕಿ, ಇನ್ನೊಬ್ಬಳು ಈ ಕಿಟಕಿ ಹಿಡಿದು ಕೂರುತ್ತಿದ್ದರು.

ಪಾಠ ಹೇಳುವವರಿಗೆ ಒಂದು ರೋಗವಿರುತ್ತದೆ. ಯಾರಾದರೂ ಕೇಳುವ ಮೊದಲೇ ಉಪದೇಶ ತಯಾರಿರುತ್ತದೆ. ನೀನೇ ಮೊದಲು ಮಾತಾಡಿಸು ಎಂದೆ. ನಿನ್ನದು ತಪ್ಪಿದ್ದರೆ ಸಾರಿ ಕೇಳು, ಅವಳದಿದ್ದರೆ ಬಿಟ್ಟುಬಿಡು ಎಂದೆ. ಬೇರೆ ಗೆಳತಿಯರು ಯಾರೂ ಇಲ್ಲವೇ ಎಂದೂ ಕೇಳಿದೆ. ಕ್ಲಾಸ್ ಟೀಚರಿಗೆ ಫೋನ್ ಮಾಡಿದ್ದಕ್ಕೆ ಅವರು ಇಬ್ಬರನ್ನೂ ದೂರ ದೂರ ಕೂರಿಸಿದರು. ಯಾವುದೂ ನಾಟಲಿಲ್ಲ. ಮಗಳು ದಿನದಿನಕ್ಕೆ ಇಳಿದುಹೋಗುತ್ತಿದ್ದಳು. ಕೊನೆಗೆ ಕೋಡುಬಳೆ ಮಾಡಿ ಗೆಳತಿಗೂ ಕೊಡು ಎಂದು ಡಬ್ಬಿ ತುಂಬಿ ಕಳಿಸಿದೆ. ಸಂಜೆ ಡಬ್ಬಿ ಹಾಗೇ ವಾಪಸ್ಸು ಬಂತು.

"ಏನಂದ್ಲೇ?"

"'ನಿಮ್ಮಮ್ಮಂಗೇ ಕೊಡು, ಅವರು ತಿನ್ನಲಿ' ಅಂದ್ಲು."

ಎಂಥ ಕೊಬ್ಬು ಎಂದು ನನಗೆ ಸಿಟ್ಟು ಬಂತು. ಆದರೆ ಆ ಹುಡುಗಿಯನ್ನು ಕಂಡಾಗ ಕೊಬ್ಬಿನಂತೆ ಕಾಣುತ್ತಿರಲಿಲ್ಲ. ಬೆಳಿಗ್ಗೆ ವ್ಯಾನು ಬಂದು ನಿಂತಾಗ ಅವಳು ನನ್ನ ಮಗಳ ಕಡೆ ತಿರುಗುತ್ತಿರಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ಕಾಯಿಲೆ ಬಿದ್ದವರನ್ನು ನೋಡಲು ಬಂದವರು ಮಂಚದ ಪಕ್ಕ ನಿಂತು ನೋಡುತ್ತಾರಲ್ಲ, ಹಾಗೆ. ವ್ಯಾನು ಹೊರಡುವ ಮುಂಚೆ ಕಿಟಕಿಯಿಂದ ಬಗ್ಗಿ, "ಆಂಟಿ, ಚೆನ್ನಾಗಿದೀರಾ?" ಎಂದು ಕೇಳುತ್ತಿದ್ದಳು. ದಿನಾ ಅದೇ ಮಾತು. ಒಂದು ಪುಟ್ಟ ಹುಡುಗಿ ಯೋಗಕ್ಷೇಮ ವಿಚಾರಿಸಿದರೆ ಬೆನ್ನು ತಣ್ಣಗಾಗುತ್ತದೆ ಎಂದು ಯಾರಿಗಾದರೂ ಹೇಳಿಕೊಳ್ಳುವುದು ಹೇಗೆ?

ಅದೇ ದಿನಗಳಲ್ಲಿ, ಕನ್ನಡಿ ಮುಂದೆ ಸರ ಸರಿಮಾಡಿಕೊಳ್ಳುವಾಗ ಕತ್ತಿನಲ್ಲಿ ಒಂದು ಗಂಟು ಕೈಗೆ ಸಿಕ್ಕಿತು. ಗಂಡನಿಗೆ ಮಾತ್ರ ಹೇಳಿದೆ. ಬಟ್ಟೆ ತರುತ್ತೇವೆ ಎಂದು ಮಗಳಿಗೆ ಸುಳ್ಳು ಹೇಳಿ ಇಬ್ಬರೂ ಹಾಸನದ ಆಸ್ಪತ್ರೆಗೆ ಹೋದೆವು. ಸ್ಕ್ಯಾನ್ ಆಯಿತು, ಗಂಟಿಗೆ ಸೂಜಿ ಚುಚ್ಚಿ ಪರೀಕ್ಷೆಗೆ ತೆಗೆದುಕೊಂಡರು. ಮುಂದಿನ ವಾರ ಬನ್ನಿ, ರಿಪೋರ್ಟ್ ಬಂದಿರುತ್ತದೆ ಎಂದರು ಡಾಕ್ಟರು. ಕತ್ತಿನ ಮೇಲಿನ ಪ್ಲಾಸ್ಟರ್ ಕಾಣದಂತೆ ಸೆರಗು ಹೊದ್ದುಕೊಂಡೇ ಮನೆಗೆ ಬಂದೆ. ಮಗಳು ಬಟ್ಟೆಯ ಚೀಲದ ಕಡೆ ಕಣ್ಣೂ ಹಾಯಿಸಲಿಲ್ಲ. ಹತ್ತಿರ ಬಂದು ಸೆರಗನ್ನು ಮೆಲ್ಲಗೆ ಸರಿಸಿ, ಪ್ಲಾಸ್ಟರ್ ನೋಡಿ, ಮತ್ತೆ ಮುಚ್ಚಿದಳು. ಏನಾಯಿತೆಂದು ಕೇಳಲಿಲ್ಲ. ಅದು ನನ್ನನ್ನು ಹೆದರಿಸಿದಷ್ಟು ಆಸ್ಪತ್ರೆಯ ಸೂಜಿಯೂ ಹೆದರಿಸಿರಲಿಲ್ಲ.

ಆ ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಒಂದು ಗಳಿಗೆ ಅಡ್ಡಾಗಿದ್ದೆ. ಮೂಗಿನ ಹತ್ತಿರ ಏನೋ ಆಡಿದಂತಾಗಿ ಎಚ್ಚರವಾಯಿತು. ಮಗಳು ತಲೆದಿಂಬಿನ ಪಕ್ಕ ಕೂತು ನನ್ನ ಮೂಗಿನ ಕೆಳಗೆ ಬೆರಳು ಹಿಡಿದಿದ್ದಳು.

"ಏನೇ ಇದು?"

"ಉಸಿರು ಬರ್ತಾ ಇದೆಯಾ ಅಂತ," ಎಂದವಳು ನಾನು ಎದ್ದು ಕೂರುವಷ್ಟರಲ್ಲಿ ಬಿಕ್ಕಿ ಬಿಕ್ಕಿ ಅಳಲು ಶುರುಮಾಡಿದಳು. "ನಾನು ನಿನ್ನ ಮೇಲೆ ಸುಳ್ಳಾಣೆ ಇಟ್ಬಿಟ್ಟೆ ಅಮ್ಮಾ. ನೀನು ಸತ್ತೋಗ್ತೀಯಂತೆ."

ಅಳು ನಿಲ್ಲಿಸಿ ನಿಲ್ಲಿಸಿ ಅವಳು ಹೇಳಿದ್ದು ಇಷ್ಟು. ಗೆಳತಿ ಸ್ಕೂಲಿಗೆಂದು ಎಲೆಗಳನ್ನು ಅಂಟಿಸಿ ಒಂದು ಚಾರ್ಟ್ ಮಾಡಿದ್ದಳು. ವ್ಯಾನಿನಲ್ಲಿ ಇವಳ ಬಾಟಲಿಯ ನೀರು ಚೆಲ್ಲಿ ಅದು ಹಾಳಾಯಿತು. ನೀನೇ ಚೆಲ್ಲಿದ್ದು ಎಂದು ಅವಳು ಕೂಗಿದಾಗ ಇವಳು, "ನಾನಲ್ಲ, ಅಮ್ಮನಾಣೆ" ಎಂದುಬಿಟ್ಟಳು. ಆ ಹುಡುಗಿ ತಟ್ಟನೆ ಸುಮ್ಮನಾದಳಂತೆ. ಆಮೇಲೆ, "ನಿಮ್ಮಮ್ಮ ಸತ್ತೋಗ್ತಾರೆ ಕಣೆ" ಎಂದಳಂತೆ. ಆಣೆ ಹಾಕಿಸಿಕೊಂಡವರು "ಆಣೆ ಬಿಟ್ಟೆ" ಎಂದರೆ ಅದು ತಟ್ಟುವುದಿಲ್ಲ ಎಂಬುದು ಮಕ್ಕಳ ಕಾನೂನು. ಇವಳು ಎಷ್ಟು ಗೋಗರೆದರೂ ಅವಳು ಆ ಒಂದು ಮಾತು ಹೇಳುತ್ತಿಲ್ಲ.

ನಾವೂ ಚಿಕ್ಕವರಿದ್ದಾಗ ದಿನಬೆಳಗಾದರೆ ಅಮ್ಮನಾಣೆ ಎಂದವರೇ. ನಗಬೇಕಾದ ವಿಷಯ. ನಗು ಬರಲಿಲ್ಲ. ಕೈ ತಾನಾಗಿ ಕತ್ತಿನ ಗಂಟಿನ ಮೇಲೆ ಹೋಯಿತು. ಅದು ಹೋದದ್ದಕ್ಕೇ ನನ್ನ ಪಿತ್ತ ನೆತ್ತಿಗೇರಿತು. ಇಷ್ಟುದ್ದದ ಹುಡುಗಿ ನನ್ನ ಮಗಳನ್ನು ಇಷ್ಟು ದಿನ ಹೀಗೆ ಹುರಿದು ತಿಂದಳೇ ಎಂದು ಮಗಳ ಕೈ ಹಿಡಿದುಕೊಂಡು ದರದರನೆ ಪಕ್ಕದ ಬೀದಿಗೆ ನಡೆದೆ.

ಅಜ್ಜಿ ಜಗಲಿಯ ಮೇಲೆ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದರು.

"ಬಾವ್ವ ಬಾ, ಕೂತ್ಕೊ. ಸೊಗಡವರೆ ಬಂದದೆ, ಒಂದೀಟು ತಕ್ಕೊಂಡೋಗು."

"ಇರಲಿ ಅಜ್ಜಿ. ನಿಮ್ಮ ಮೊಮ್ಮಗಳನ್ನ ಕರೀರಿ, ಒಂದು ಮಾತು ಕೇಳ್ಬೇಕು."

ಕರೆಯುವ ಮೊದಲೇ ಅವಳು ಬಾಗಿಲಿಗೆ ಬಂದಿದ್ದಳು. ನೇರವಾಗಿ ನನ್ನ ಕತ್ತಿನ ಪ್ಲಾಸ್ಟರ್ ನೋಡಿದಳು.

"ನಾನು ಸತ್ತೋಗ್ತೀನಿ ಅಂದ್ಯಂತೆ?"

"ಅಯ್ಯೋ ಶಿವ್ನೇ!" ಅಜ್ಜಿ ಕೈಯೆತ್ತಿದರು. "ಅಂಗಂದ್ಯೇನೆ ಮೂದೇವಿ? ಮುತ್ತೈದೆಗೆ ಅಂಗಂತಾರೇನೆ? ಕೂಸು ಕಣವ್ವ, ತಿಳೀದೆ ಅಂದ್ಬುಟ್ಟದೆ, ಒಟ್ಟೆಗಾಕ್ಕೊ."

ಹುಡುಗಿ ಅಲ್ಲವೆನ್ನಲಿಲ್ಲ, ಹೆದರಲೂ ಇಲ್ಲ. "ಹೂಂ, ಅಂದೆ," ಎಂದಳು.

"ಆಣೆ ಬಿಟ್ಟೆ ಅನ್ನೋಕೆ ನಿನಗೇನು ಕಷ್ಟ?"

"ಹೇಳಿದ್ರೂ ಆಗಲ್ಲ ಆಂಟಿ. ನಾನು ಹೇಳಿದ್ದೆ."

"ಯಾರಿಗೆ?"

"ನಮ್ಮಮ್ಮಂಗೆ." ಅವಳು ಬಾಗಿಲ ಚೌಕಟ್ಟನ್ನು ಉಗುರಿನಿಂದ ಕೆರೆಯುತ್ತ, ಪಾಠ ಒಪ್ಪಿಸುವವಳಂತೆ ಹೇಳಿದಳು. "ಹಬ್ಬಕ್ಕೆ ಮಾಡಿದ್ದ ಕರ್ಜಿಕಾಯಿ ಕದ್ದು ತಿಂದಿದ್ದೆ. ಅಜ್ಜಿ ಕೇಳ್ದಾಗ ತಿಂದಿಲ್ಲ, ಅಮ್ಮನಾಣೆ ಅಂದೆ. ಮಾರನೇ ದಿನಾನೇ ಅಮ್ಮಂಗೆ ಜ್ವರ ಬಂತು. ಆಸ್ಪತ್ರೇಲಿ ಕಿವೀಲಿ ಹೇಳ್ದೆ, ನಾನೇ ತಿಂದಿದ್ದು, ಆಣೆ ವಾಪಸ್ಸು ಅಂತ. ತಡ ಆಗೋಗಿತ್ತು. ಅದಕ್ಕೇ ಇವಳಿಗೆ ಬೇಗ ಹೇಳಿದ್ದು, ಏನಾದ್ರೂ ಮಾಡ್ಕೊಳ್ಳಲಿ ಅಂತ."

ಅಜ್ಜಿಯ ಕೈಯಲ್ಲಿದ್ದ ಅವರೆಕಾಯಿ ಅರ್ಧ ಬಿಚ್ಚಿಕೊಂಡು ಹಾಗೇ ನಿಂತಿತ್ತು. "ನಾ ಕೇಳಿದ್ದು ನೆಪ್ಪೇ ಇಲ್ಲ ಕಣವ್ವ," ಎಂದರು ನನ್ನ ಕಡೆ ತಿರುಗಿ. "ಯಾವ ಕರ್ಜಿಕಾಯಿ? ನಂಗೆ ನೆಪ್ಪೇ ಇಲ್ವಲ್ಲ."

ನಾನು ಜಗಲಿಯ ಮೇಲೆ ಕೂತೆ. ಒಂದು ವರ್ಷಕ್ಕೂ ಮೇಲೆ ಈ ಮಗು ತಾನೇ ತಾಯಿಯನ್ನು ಕೊಂದೆ ಎಂದುಕೊಂಡು ನನ್ನ ಮಗಳ ಪಕ್ಕದಲ್ಲಿ ಕೂತು ವ್ಯಾನಿನಲ್ಲಿ ಹೋಗಿಬಂದು ಮಾಡಿದೆ, ಮಗ್ಗಿ ಬಾಯಿಪಾಠ ಮಾಡಿದೆ, ನಮ್ಮ ಮನೆಯಲ್ಲಿ ದೋಸೆ ತಿಂದಿದೆ. ಕೋಡುಬಳೆಯನ್ನು ನನಗೇ ಬಿಟ್ಟದ್ದು ಯಾಕೆಂದು ಆಗ ಅರ್ಥವಾಯಿತು. ಸಾಯುವವಳು ಇದ್ದಷ್ಟು ದಿನ ತಿಂದುಕೊಳ್ಳಲಿ ಎಂದು.

ಸಂಕಟವಾದರೆ ನನಗೆ ಅಳು ಬರುವುದಿಲ್ಲ, ಸಿಟ್ಟು ಬರುತ್ತದೆ. ಆ ಸಿಟ್ಟಿನಲ್ಲೇ ಅಂದೆ: "ಬನ್ನಿ ಇಬ್ಬರೂ ಇಲ್ಲಿ. ನನ್ನ ತಲೆ ಮೇಲೆ ಕೈಯಿಡಿ. ಇವತ್ತು ಯಾವ ವಾರ?"

"ಭಾನುವಾರ."

"ಸೋಮವಾರ ಅಂತ ಆಣೆ ಇಡಿ."

"ಬ್ಯಾಡ ಕಣವ್ವ! ದೇವ್ರನ್ನ ಕೆಣಕ್ಬ್ಯಾಡ," ಅಜ್ಜಿ ಮೊರ ಸರಿಸಿ ಎದ್ದರು. ಮಕ್ಕಳಿಬ್ಬರೂ ಹಿಂದೆ ಸರಿದರು. ನಾನು ಬಿಡಲಿಲ್ಲ. ಒಬ್ಬೊಬ್ಬಳ ಕೈಯನ್ನೂ ಎಳೆದು ನನ್ನ ನೆತ್ತಿಯ ಮೇಲೆ ಇಟ್ಟುಕೊಂಡೆ. ಗೆಳತಿಯ ಕೈ ತಣ್ಣಗಿತ್ತು. ಅಮ್ಮನ ಜಾಗದಲ್ಲಿ ಆಣೆ ಇಡಲು ಅವಳಿಗೀಗ ಇದ್ದ ತಲೆ ನನ್ನದೊಂದೇ.

"ಸೋಮವಾರ, ಆಂಟಿಯಾಣೆ," ಎಂದಳು ಉಸಿರಿನಲ್ಲೇ.

"ಸೋಮವಾರ, ಅಮ್ಮನಾಣೆ."

"ನೋಡಿ, ಕಲ್ಲುಗುಂಡಿನ ಹಾಗೆ ಕೂತಿದೀನಿ. ಇನ್ನೊಂದು. ಕತ್ತೆಗೆ ಕೊಂಬಿದೆ."

ಕತ್ತೆಗೆ ಕೊಂಬು ಬಂತು, ಅಜ್ಜಿಗೆ ಮೀಸೆ ಬಂತು, ಕ್ಲಾಸ್ ಟೀಚರಿಗೆ ಬಾಲ ಬಂತು. ಬಾಲದ ಹೊತ್ತಿಗೆ ಇಬ್ಬರೂ ನಗುತ್ತಿದ್ದರು. ನಗುವಿನ ನಡುವೆಯೇ ನನ್ನ ಮಗಳು, "ನೀರು ಚೆಲ್ಲಿದ್ದು ನಾನೇ ಕಣೆ, ಸಾರಿ," ಎಂದಳು. "ಗೊತ್ತು," ಎಂದಳು ಅವಳು. ಇಷ್ಟು ದಿನದ ಟೂ ಅಲ್ಲಿಗೆ ಮುಗಿಯಿತು. ಅಜ್ಜಿ ಮಾತ್ರ ನಗಲಿಲ್ಲ. ಒಳಗೆ ಹೋಗಿ ದೇವರ ಮುಂದೆ ದೀಪ ಹಚ್ಚಿದ್ದು ಕಾಣಿಸಿತು.

ಗೆದ್ದವಳಂತೆ ಹೊರಟೆ. ನಮ್ಮ ಬೀದಿಯ ತಿರುವಿಗೆ ಬಂದಾಗ ನೆನಪಾಯಿತು. ಹಾಸನದ ರಿಪೋರ್ಟ್ ಇನ್ನೂ ಬಂದಿಲ್ಲ. ಅದರಲ್ಲಿ ಕೆಟ್ಟದ್ದೇನಾದರೂ ಬರೆದಿದ್ದರೆ ಈಗ ಆಣೆ ಇಟ್ಟವಳು ಒಬ್ಬಳಲ್ಲ, ಇಬ್ಬರು. ಬಲವಂತದಿಂದ ಇಡಿಸಿದವಳು ನಾನು. ಒಬ್ಬಳು ಈಗಾಗಲೇ ಒಬ್ಬ ತಾಯಿಯ ಸಾವನ್ನು ಹೊತ್ತಿದ್ದಾಳೆ. ಮೂಟೆ ಲೆಕ್ಕ ಹಾಕುತ್ತಿದ್ದ ಗಂಡ ಎಲ್ಲವನ್ನೂ ಕೇಳಿ ಪೆನ್ನು ಕೆಳಗಿಟ್ಟರು. "ರಿಪೋರ್ಟ್ ಬರೋಗಂಟಾದ್ರೂ ತಡಕೊಳ್ಳಕ್ಕಾಗ್ಲಿಲ್ವೇನೆ ನಿಂಗೆ?" ಎಂದರು.

ಆ ವಾರವಿಡೀ ನಾನು ರಸ್ತೆ ದಾಟುವಾಗ ಎರಡೂ ಕಡೆ ನೋಡಿದ್ದನ್ನೇ ಮತ್ತೆ ಮತ್ತೆ ನೋಡಿದೆ. ಬಸ್ಸಿನಲ್ಲಿ ಡ್ರೈವರ್ ಬ್ರೇಕ್ ಒತ್ತಿದಾಗಲೆಲ್ಲ ಸೋಮವಾರ, ಕತ್ತೆಯ ಕೊಂಬು ನೆನಪಾಗುತ್ತಿದ್ದವು. ಸಾಯುವುದಕ್ಕೆ ನನಗೆ ಹೆದರಿಕೆಯಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಆ ಇಬ್ಬರಿಗೋಸ್ಕರವಾದರೂ ಸಾಯುವಂತಿಲ್ಲ ಎಂಬುದು ಅದಕ್ಕಿಂತ ಭಾರವಾಗಿತ್ತು. ಮಕ್ಕಳು ಮಾತ್ರ ನಿರಾಳವಾಗಿದ್ದರು. ವ್ಯಾನಿನಲ್ಲಿ ಮತ್ತೆ ಒಂದೇ ಕಿಟಕಿಗೆ ಮುಗಿಬೀಳುತ್ತಿದ್ದರು.

ಈ ಸಲ ಹಾಸನಕ್ಕೆ ಒಬ್ಬಳೇ ಹೋದೆ. ಡಾಕ್ಟರು ಕಾಗದ ತಿರುವಿಹಾಕಿ, "ಸದ್ಯಕ್ಕೆ ಭಯ ಇಲ್ಲ," ಎಂದರು. ಆಮೇಲೆ, "ಖಡಾಖಂಡಿತವಾಗಿ ಹೇಳೋಕಾಗಲ್ಲ, ಆರು ತಿಂಗಳು ಬಿಟ್ಟು ಬನ್ನಿ, ಬೆಳೆದಿದೆಯಾ ನೋಡೋಣ," ಎಂದರು. ಬಸ್ಸಿನಲ್ಲಿ ಬರುವಾಗ ಮೊದಲ ಮಾತನ್ನಷ್ಟೇ ಮಕ್ಕಳಿಗೆ ಹೇಳುವುದೆಂದು ತೀರ್ಮಾನಿಸಿದೆ. ಎರಡನೆಯದನ್ನು ಹೇಳಿ ಮಾಡುವುದೇನಿದೆ?

ಸಂಜೆ ಅಂಗಡಿಯ ಮೆಟ್ಟಿಲ ಮೇಲೆ ಇಬ್ಬರೂ ಕಾಯುತ್ತಿದ್ದರು. ಆಸ್ಪತ್ರೆಗೆ ಹೋದದ್ದನ್ನು ಗಂಡ ಬಾಯಿಬಿಟ್ಟಿದ್ದರು.

"ಏನೂ ಇಲ್ಲವಂತೆ," ಎಂದೆ. ಮಗಳು ಕುಣಿದಾಡಿ ಸೊಂಟಕ್ಕೆ ಜೋತುಬಿದ್ದಳು. ಗೆಳತಿ ಎದ್ದು ಬಂದು ನನ್ನ ಕತ್ತನ್ನೇ ನೋಡಿದಳು.

"ಇನ್ನು ಯಾವತ್ತೂ ಏನೂ ಆಗಲ್ವಾ ಆಂಟಿ?"

"ಇಲ್ಲ ಪುಟ್ಟಾ. ಎಲ್ಲಾ ಮುಗೀತು."

ಅವಳು ನನ್ನ ಬಲಗೈ ತೆಗೆದುಕೊಂಡು ನನ್ನ ಮಗಳ ತಲೆಯ ಮೇಲೆ ಇಟ್ಟಳು. "ಆಣೆ ಇಡಿ," ಎಂದಳು.

ಮಗಳು ನಗುತ್ತ, ತಲೆ ಬಾಗಿಸಿ ನಿಂತಳು. "ಇಡಮ್ಮಾ, ಏನೂ ಆಗಲ್ಲ," ಎಂದಳು, ನಾನು ಕಲಿಸಿದ ಧೈರ್ಯದಲ್ಲೇ.

ಬೈತಲೆಯ ಬಿಸಿ ಅಂಗೈಗೆ ತಾಗುತ್ತಿತ್ತು. ಬರಿಯ ಮಾತು, ಗಾಳಿಯಲ್ಲಿ ಹೋಗುವ ಮಾತು, ಕತ್ತೆಯ ಕೊಂಬಿನಂಥದ್ದೇ ಇನ್ನೊಂದು. ನನಗೆ ಗೊತ್ತು. ಗೊತ್ತಿದ್ದೂ ಬಾಯಿ ಬರಲಿಲ್ಲ. ನನ್ನ ತಲೆಯನ್ನು ಪಣಕ್ಕಿಡುವಾಗ ಇದ್ದ ಜಂಬ ಮಗಳ ತಲೆಯ ಮುಂದೆ ಎಲ್ಲಿ ಹೋಯಿತೋ ಕಾಣೆ. ಕೈ ಹಿಂದಕ್ಕೆ ತೆಗೆದುಕೊಂಡೆ.

"ಆರು ತಿಂಗಳು ಬಿಟ್ಟು ಇನ್ನೊಂದ್ಸಲ ಬರ್ಬೇಕು ಅಂದಿದಾರೆ," ಎಂದೆ.

ಮಗಳ ನಗು ನಿಂತಿತು. ಗೆಳತಿ ತನಗೆ ಮೊದಲೇ ಗೊತ್ತಿತ್ತು ಎಂಬಂತೆ ತಲೆಯಾಡಿಸಿದಳು. ಆಮೇಲೆ ನನ್ನ ಮಗಳ ಕೈ ಹಿಡಿದುಕೊಂಡು ಮೆಟ್ಟಿಲ ಮೇಲೆ ಹೋಗಿ ಕೂತಳು.

ಮಾರನೇ ಬೆಳಿಗ್ಗೆ ಕಾಲೇಜಿಗೆ ಹೊರಟು ಬಾಗಿಲಿಗೆ ಬಂದರೆ ನನ್ನ ಚಪ್ಪಲಿ ಇರಲಿಲ್ಲ.