ಅವ್ವ ಕಾಲೇಜು ನೋಡಲು ಹೋದದ್ದು

ಗಿರಮಿಟ್ಟೋ ಮಿರ್ಚಿ ಭಜಿಯೋ ಎಂಬ ಪ್ರಶ್ನೆ ಎದುರಾದಾಗ ಪಕ್ಕದ ಮೇಜಿನವರ ತಟ್ಟೆಯನ್ನು ಕದ್ದು ನೋಡಿ ನಿರ್ಧಾರಕ್ಕೆ ಬರುವ ಮನುಷ್ಯ ನಾನು. ಪಕ್ಕದ ಮೇಜು ಖಾಲಿಯಿದ್ದರೆ ಯಾರಾದರೂ ಬಂದು ಕೂರುವವರೆಗೆ ಕಾಯುವಷ್ಟು ತಾಳ್ಮೆಯನ್ನೂ ದೇವರು ದಯಪಾಲಿಸಿದ್ದಾನೆ. ಬೈಲಹೊಂಗಲದ ಬಸ್ ನಿಲ್ದಾಣದ ಬಳಿಯ ಚಹಾದಂಗಡಿಯವನಿಗೆ ನನ್ನ ಈ ದೌರ್ಬಲ್ಯ ಎಷ್ಟು ಪರಿಚಿತವೆಂದರೆ, ನಾನು ಚಪ್ಪಲಿಯ ಮಣ್ಣು ಕೊಡವುವಷ್ಟರಲ್ಲೇ, "ಮಾಸ್ತರು ಬಂದ್ರು, ಎರಡೂ ಬಿಸಿ ಇಡು, ಯಾವದರ ಒಂದ್ ತಿಂತಾರ" ಎಂದು ಒಳಗಿನವರಿಗೆ ಹೇಳಿಬಿಡುತ್ತಾನೆ. ಹೈಸ್ಕೂಲಿನಲ್ಲಿ ಮೂವತ್ತು ಮಕ್ಕಳ ಎದುರು ಯಾವ ನದಿ ಯಾವ ದಿಕ್ಕಿಗೆ ಹರಿಯುತ್ತದೆಂದು ನಿಸ್ಸಂಶಯವಾಗಿ ಕೋಲಿನಿಂದ ತೋರಿಸುವವನು, ಸ್ವಂತ ಹೊಟ್ಟೆಯ ದಿಕ್ಕು ತಿಳಿಯದೆ ಹೀಗೆ ದಿಙ್ಮೂಢನಾಗುವುದು ಯಾವ ನ್ಯಾಯವೋ ಕಾಣೆ.

ನಿರ್ಧರಿಸಲು ಬಾರದವರು ಸಾಮಾನ್ಯವಾಗಿ ದಾಖಲಿಸುವವರಾಗುತ್ತಾರೆ. ಇದು ನನ್ನ ಅನುಭವ. ನಮ್ಮ ಮನೆಯ ಗೋಡೆಯ ಕ್ಯಾಲೆಂಡರಿನ ಚೌಕಗಳಲ್ಲಿ ಗ್ಯಾಸ್ ಸಿಲಿಂಡರ್ ಬದಲಿಸಿದ ದಿನ, ಮಲ್ಲಿಗೆ ಬಳ್ಳಿಯಲ್ಲಿ ಮೊದಲ ಮೊಗ್ಗು ಕಂಡ ದಿನ, ನಲ್ಲಿ ಬಾರದ ದಿನ, ನನ್ನ ಹೆಂಡತಿ ಮಾತು ಬಿಟ್ಟ ದಿನ, ಮತ್ತೆ ಹಿಡಿದ ದಿನ, ಎಲ್ಲವೂ ಸಣ್ಣ ಅಕ್ಷರಗಳಲ್ಲಿ ವಿರಾಜಮಾನವಾಗಿವೆ. ಇಂಥವನ ಒಬ್ಬಳೇ ಮಗಳಿಗೆ, ಒಂದೇ ವಾರದಲ್ಲಿ, ಎರಡು ಊರುಗಳ ಎರಡು ಫಿಜಿಯೋಥೆರಪಿ ಕಾಲೇಜುಗಳಲ್ಲಿ ಸೀಟು ಸಿಕ್ಕರೆ ಅವನ ಗತಿ ಏನಾದೀತು, ನೀವೇ ಊಹಿಸಿ.

ಒಂದು ಬೆಳಗಾವಿಯದು, ಒಂದು ಹುಬ್ಬಳ್ಳಿಯದು. (ಹುಬ್ಬಳ್ಳಿ ಎಂದೊಡನೆ ನಮ್ಮ ನೆರೆಯವರು "ಸಕ್ರಿ ಫ್ಯಾಕ್ಟರಿ ಹುಬ್ಬಳ್ಳಿ ಏನ್ರಿ?" ಎಂದು ಕೇಳುವುದು ವಾಡಿಕೆ. ಅದು ನಮ್ಮ ಪಕ್ಕದ ಎಂ.ಕೆ. ಹುಬ್ಬಳ್ಳಿ, ಬೇರೆಯೇ ಊರು, ಅಲ್ಲಿ ಕಬ್ಬು ಹಿಂಡುವ ಕಲೆಯನ್ನಷ್ಟೇ ಕಲಿಸುತ್ತಾರೆಂದು ನಾನು ಪ್ರತಿಸಲವೂ ವಿವರಿಸಬೇಕಾಗುತ್ತಿತ್ತು.) ಸೋಮವಾರದೊಳಗೆ ಒಂದು ಕಡೆ ಹೂಂ ಅನ್ನಬೇಕು, ತಪ್ಪಿದರೆ ಎರಡೂ ಹೋಗುತ್ತವೆ. ನಾನು ಇನ್ನೂರು ಪುಟದ ನೋಟುಬುಕ್ಕು ತಂದು, ನಡುವೆ ಗೆರೆ ಎಳೆದು, ಎಡಕ್ಕೊಂದು ಬಲಕ್ಕೊಂದು ಕಾಲೇಜನ್ನು ಕೂರಿಸಿ, ಬಸ್ಸಿನ ವೇಳೆಯಿಂದ ಹಿಡಿದು ಹಾಸ್ಟೆಲಿನಲ್ಲಿ ಜೋಳದ ರೊಟ್ಟಿಯೋ ಚಪಾತಿಯೋ, ನೀರು ಸವುಳೋ ಸಿಹಿಯೋ, ಕಿಟಕಿಗೆ ಸೊಳ್ಳೆ ಪರದೆ ಉಂಟೋ ಇಲ್ಲವೋ ಎಂಬವರೆಗೆ ಹದಿನೇಳು ಪುಟ ತುಂಬಿಸಿದೆ. ನನ್ನ ಹೆಂಡತಿ ಪುಟ ತಿರುವಿ, "ಹುಡುಗಿ ಏನ್ ಕಲಿಯಾಕ ಹೊಂಟಾಳ ಅನ್ನೂದೊಂದ ಬರದಿಲ್ಲ ನೋಡ್ರಿ" ಎಂದು ಹೇಳಿ ಹಿಟ್ಟು ನಾದಲು ಹೋದಳು.

ಹುಡುಗಿ ಕಲಿಯಲು ಹೊರಟಿದ್ದು ನಮ್ಮ ಮನೆಯ ವಿದ್ಯೆಯನ್ನೇ ಎಂದರೆ ಅರ್ಧ ನಿಜ. ನಮ್ಮದು ಎಲುಬು ಕಟ್ಟುವವರ ಮನೆ. ಹೊಲವೂ ಇದೆ, ಆದರೆ ಸುತ್ತಲಿನ ಊರವರು ನಮ್ಮನ್ನು ಗುರುತಿಸುವುದು ಕೈ ಉಳುಕಿದಾಗ, ಕಾಲು ಮುರಿದಾಗ. ಅಜ್ಜ ಈ ವಿದ್ಯೆಯಲ್ಲಿ ಪಾರಂಗತ. ಅವನ ಮಗ, ಅಂದರೆ ನನ್ನ ಅಪ್ಪ, ಪರರ ನೋವು ಕಂಡರೆ ಕಣ್ಣು ಕತ್ತಲೆ ಬಂದು ಬೀಳುತ್ತಿದ್ದ. ಕಟ್ಟಿಸಿಕೊಳ್ಳಲು ಬಂದವರೇ ಅವನಿಗೆ ನೀರು ಚಿಮುಕಿಸಿ ಎಬ್ಬಿಸಿದ ಪ್ರಸಂಗಗಳುಂಟು. ಬೇರೆ ದಾರಿ ಕಾಣದೆ ಅಜ್ಜ ತನ್ನ ಸೊಸೆಗೆ ಕಲಿಸಿದ. ಆ ಸೊಸೆಯೇ ನನ್ನ ಅವ್ವ, ಗಂಗವ್ವ. ಅಪ್ಪನಿಂದ ನನಗೆ ಬಂದ ಆಸ್ತಿಯಲ್ಲಿ ಕಣ್ಣುಕತ್ತಲೆಯೂ ಸೇರಿದೆಯೆಂದು ಬೇರೆ ಹೇಳಬೇಕಿಲ್ಲ.

ಅವ್ವನಿಗೀಗ ಎಪ್ಪತ್ತು ದಾಟಿದೆ. ಓದು ಬರುವುದಿಲ್ಲ. ಆದರೆ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ನಾವು ಪತ್ರಿಕೆ ಓದಿದಷ್ಟೇ ಸರಾಗವಾಗಿ ಓದುತ್ತಾಳೆ. "ಮೊದಲ ಫೋಟೋ ತಗಸ್ಕೊಂಡ ಬರ್ರಿ" ಎನ್ನುವುದು ಅವಳ ಮೊದಲ ಮಾತು. ಚರ್ಮ ಹರಿದಿದ್ದರೆ, ಸೊಂಟಕ್ಕೆ ಪೆಟ್ಟಾಗಿದ್ದರೆ, ಮುಟ್ಟುವುದೇ ಇಲ್ಲ. ಆಸ್ಪತ್ರೆಯ ಬಸ್ಸಿನ ಹಾದಿ ತೋರಿಸುತ್ತಾಳೆ. ಉಳಿದವರಿಗೆ ಉದ್ದಿನ ಹಿಟ್ಟಿನ ಲೇಪ, ಬಿದಿರಿನ ದಬ್ಬೆ, ಹಳೆಯ ಧೋತರದ ಪಟ್ಟಿ. ಕಟ್ಟಿದ ಮೇಲೆ ಒಂದು ನಿಯಮ: ರಾಮದುರ್ಗದವರಾಗಲಿ, ಕಿತ್ತೂರಿನವರಾಗಲಿ, ಆ ದಿನ ನಮ್ಮಲ್ಲೇ ವಸ್ತಿ ಇದ್ದು, ಮರುದಿನ ಮುಂಜಾನೆ ಬೆರಳು ತೋರಿಸಿಯೇ ಊರಿಗೆ ಹೋಗಬೇಕು. ಎಷ್ಟು ಅವಸರದವರಿದ್ದರೂ ಬಿಡುವುದಿಲ್ಲ. ಇದರಿಂದಾಗಿ ನಮ್ಮ ಮನೆಯಲ್ಲಿ ಅಪರಿಚಿತರಿಲ್ಲದ ಊಟದ ಪಂಕ್ತಿಯನ್ನೇ ನಾನು ಬಾಲ್ಯದಲ್ಲಿ ಕಂಡಿಲ್ಲ.

ಈ ಅಜ್ಜಿಯ ಮಡಿಲಲ್ಲಿ ಬೆಳೆದ ನನ್ನ ಮಗಳು ಸಹನಾ ಫಿಜಿಯೋಥೆರಪಿ ಆರಿಸಿಕೊಂಡದ್ದು ಸಹಜ. ಸಮಸ್ಯೆ ಆರಂಭವಾದದ್ದು ನಾವಿಬ್ಬರೂ ಮೊದಲ ಸಲ ಬೆಳಗಾವಿಗೆ ಹೋಗಿಬಂದ ದಿನ. ಕಾಲೇಜು ಅವಳಿಗೆ ಬಹಳ ಹಿಡಿಸಿತು. ಅಲ್ಲಿ ಮೊದಲ ವರ್ಷದಿಂದಲೇ ರೋಗಿಗಳ ನಡುವೆ ಕಲಿಸುತ್ತಾರೆ; ಲಕ್ವ ಹೊಡೆದ ಹಿರಿಯರೊಬ್ಬರು ವಿದ್ಯಾರ್ಥಿನಿಯ ಹೆಗಲು ಹಿಡಿದು ನಾಲ್ಕು ಹೆಜ್ಜೆ ಇಟ್ಟದ್ದನ್ನು ನೋಡುತ್ತ ಅವಳು ಅಲುಗದೆ ನಿಂತಿದ್ದಳು. ಆದರೆ ಹೊರರೋಗಿ ವಿಭಾಗದ ಪಡಸಾಲೆಗೆ ಬಂದಾಗ ಗೋಡೆಯ ಮೇಲೊಂದು ದೊಡ್ಡ ಚಿತ್ರಫಲಕ ಕಂಡಿತು. ಬಿದಿರಿನ ದಬ್ಬೆ ಕಟ್ಟಿದ ಒಂದು ಕೈ, ಕಪ್ಪಾದ ಬೆರಳುಗಳು, ಕೆಳಗೆ ದಪ್ಪಕ್ಷರಗಳಲ್ಲಿ, 'ಎಲುಬು ಮುರಿದಾಗ ನಾಟಿ ವೈದ್ಯರ ಬಳಿ ಹೋಗಿ ಕೈಕಾಲು ಕಳೆದುಕೊಳ್ಳಬೇಡಿ'. ಮಗಳು ಓದಿದಳು, ನಾನೂ ಓದಿದೆ, ಇಬ್ಬರೂ ಓದಿಲ್ಲವೆಂಬಂತೆ ಮುಂದೆ ನಡೆದೆವು.

ಎರಡು ದಿನ ಕಳೆದು ಹುಬ್ಬಳ್ಳಿಗೆ ಹೋಗುವಾಗ ಅವ್ವನೂ ಹೊರಟಳು. ಕಿತ್ತೂರಿಗೆ ಹೋಗಿ, ಹೆದ್ದಾರಿಯ ಬಸ್ಸು ಹಿಡಿದು ತಲುಪಿದೆವು. ಅಲ್ಲಿನ ಕಾರ್ಯಾಲಯದ ಹಿರಿಯರೊಬ್ಬರು ಅವ್ವ ಯಾರೆಂದು ತಿಳಿದೊಡನೆ ಎದ್ದು ನಿಂತು, "ನಿಮ್ಮಂಥಾವರಿಂದನ ನಮ್ಮ ಪರಂಪರೆ ಉಳದೈತಿ, ಅಮ್ಮಾ" ಎಂದು ಕೈಮುಗಿದು, ಶಾಲು ಹೊದಿಸಿ, ಪಕ್ಕದಲ್ಲಿ ನಿಂತು ಮೊಬೈಲಿನಲ್ಲಿ ಫೋಟೋ ತೆಗೆಸಿಕೊಂಡರು. ಮರಳುವ ದಾರಿಯಲ್ಲಿ ಅವ್ವ ಆ ಶಾಲನ್ನು ನಾಲ್ಕು ಮಡಿಕೆ ಮಾಡಿ ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತ ಕುಳಿತಳು. ಅವಳ ಮೌನವನ್ನು ನಾವು ಸಂತೋಷವೆಂದು ಓದಿಕೊಂಡೆವು.

ಮನೆಗೆ ಬಂದ ಮೇಲೆ ಸಹನಾ ಹಿತ್ತಲಲ್ಲಿ ನನ್ನನ್ನು ಹಿಡಿದಳು. "ಅಪ್ಪಾ, ಹುಬ್ಬಳ್ಳಿಗೆ ಹೂಂ ಅಂದುಬಿಡ್ರಿ."

"ನಿನಗ ಬೆಳಗಾವಿ ಸೇರಿತ್ತಲ್ಲ?"

"ಸೇರಿತ್ತು. ಆದರ ಅಜ್ಜಿ ಹೆಸರಿಗಿ ಮಸಿ ಬಳಿಯೂ ಜಾಗಾದಾಗ ನಾ ಕಲಿಯಾಂಗಿಲ್ಲ. ನಾಳೆ ಅಕಿಗಿ ಗೊತ್ತಾದ್ರ ಏನ್ ಅನ್ಕೋಬೇಕು?"

ಹದಿನೇಳು ಪುಟಗಳ ಯಾವ ಸಾಲಿನಲ್ಲೂ ಇದಕ್ಕೆ ಜಾಗವಿರಲಿಲ್ಲ. ಮಗಳ ನಾಲ್ಕೂವರೆ ವರ್ಷಗಳು, ಬಹುಶಃ ಮುಂದಿನ ಇಡೀ ಬಾಳು, ಒಂದು ಗೋಡೆಯ ಚಿತ್ರದಿಂದಾಗಿ ತಿರುಗುತ್ತಿರುವುದನ್ನು ನೋಡುತ್ತ ನಾನು ಬಾವಿಯ ಹಗ್ಗವನ್ನು ಸುತ್ತುತ್ತ ನಿಂತೆ. ಹುಬ್ಬಳ್ಳಿಗೆ ಫೋನು ಮಾಡುವವನಿದ್ದೆ, ಅಷ್ಟರಲ್ಲಿ ಅವ್ವ ಬಾಗಿಲಲ್ಲಿ ಬಂದು ನಿಂತು, "ಒಂದು ನೋಡಿ ಒಂದು ಬಿಟ್ಟರ ಹೆಂಗೋ? ಬೆಳಗಾವಿ ಸಾಲೀನೂ ತೋರಸ್ರಿ" ಎಂದಳು.

ಅಪ್ಪ-ಮಗಳು ಸೇರಿ ರೂಪಿಸಿದ ಆ ಪಿತೂರಿಯನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಮುಂಬಾಗಿಲ ಪಡಸಾಲೆಯನ್ನು ತಪ್ಪಿಸಿ, ಹಿಂದಿನ ಇಳಿಜಾರಿನಿಂದ, ಗಾಲಿಕುರ್ಚಿಗಳು ಹೋಗುವ ದಾರಿಯಲ್ಲಿ ಅವ್ವನನ್ನು ಒಳಗೆ ಕರೆದೊಯ್ಯುವುದು. ವ್ಯಾಯಾಮದ ಕೋಣೆ ತೋರಿಸುವುದು. ಅದೇ ದಾರಿಯಲ್ಲಿ ಹೊರಗೆ ಕರೆತರುವುದು. ನಾನು ನೋಟುಬುಕ್ಕಿನ ಹದಿನೆಂಟನೆಯ ಪುಟದಲ್ಲಿ ನಕ್ಷೆಯನ್ನೂ ಬರೆದಿದ್ದೆ. ಭೂಗೋಳದ ಮಾಸ್ತರನ ನಕ್ಷೆಯಲ್ಲಿ ಎಲ್ಲವೂ ಇತ್ತು, ಅವ್ವನ ಮೊಣಕಾಲೊಂದನ್ನು ಬಿಟ್ಟು. ಇಳಿಜಾರು ಹತ್ತಿದ ಅವಳಿಗೆ ದಣಿವಾಯಿತು. "ಎಲ್ಲ್ಯರ ಕುಂಡ್ರಸ್ರಿ ನನ್ನ" ಎಂದವಳು ನಾವು ತಡೆಯುವಷ್ಟರಲ್ಲಿ ಎಡಕ್ಕೆ ಹೊರಳಿ, ಕಂಡ ಮೊದಲ ಬೆಂಚಿನ ಮೇಲೆ ಕುಳಿತುಬಿಟ್ಟಳು. ಬೆಂಚು ಪಡಸಾಲೆಯದು. ಎದುರಿಗೇ ಆ ಚಿತ್ರ.

ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು, ತಲೆಯೆತ್ತಿ, ಎಕ್ಸ್‌ರೇ ನೋಡುವಾಗಿನ ಹಾಗೆ ಕಣ್ಣು ಕಿರಿದು ಮಾಡಿ ನೋಡಿದಳು.

"ಅಲ್ಲೇನ್ ಬರದಾರ, ಓದಬೇ."

ಸಹನಾ ನನ್ನ ಮುಖ ನೋಡಿದಳು. ನಾನು ಫ್ಯಾನು ನೋಡಿದೆ. "ದಿನಾ ವ್ಯಾಯಾಮ ಮಾಡ್ರಿ ಅಂತ ಬರದಾರ ಅಜ್ಜಿ" ಎಂದಳು ಮಗಳು.

"ಈ ಕೈಲೆ ಎಂಥಾ ವ್ಯಾಯಾಮ ಮಾಡ್ತಾನಬೇ ಅಂವಾ?"

ಆ ಹೊತ್ತಿಗೆ ಬಿಳಿ ಕೋಟಿನ ಯುವತಿಯೊಬ್ಬಳು, ಅಲ್ಲಿನ ಅಧ್ಯಾಪಕಿ, ಹಾದುಹೋಗುತ್ತಿದ್ದವಳು ನಿಂತು, ಏನು ಬೇಕಿತ್ತೆಂದು ಕೇಳಿದಳು. ಅವ್ವ ಚಿತ್ರದ ಕಡೆ ಬೆರಳು ತೋರಿಸಿ, "ಅದನ್ನೊಂದ್ ಓದಿ ಹೇಳವಾ" ಎಂದಳು. ಆ ನಿರಪರಾಧಿ ಸ್ಫುಟವಾಗಿ, ಒಂದಕ್ಷರ ಬಿಡದೆ ಓದಿದಳು. ನನ್ನ ಪಿತ್ರಾರ್ಜಿತ ಕಣ್ಣುಕತ್ತಲೆ ಮೆಲ್ಲನೆ ಆವರಿಸತೊಡಗಿತು, ಗೋಡೆ ಹಿಡಿದುಕೊಂಡೆ.

"ಆ ಕೈ ಉಳೀತೇನು?" ಅವ್ವ ಕೇಳಿದಳು.

"ಇಲ್ರಿ ಅಮ್ಮಾ. ಕರ್ಕೊಂಡ ಬರೂದು ತಡಾ ಆಗಿತ್ತು."

"ಬಿಗಿ ಕಟ್ಯಾನ. ಕಟ್ಟಿದಾಂವ ಮರುದಿನ ಬೆರಳ ನೋಡಿಲ್ಲ." ಚಿತ್ರದಿಂದ ಅಧ್ಯಾಪಕಿಯತ್ತ ತಿರುಗಿ, "ನಾನೂ ಕಟ್ಟಾಕಿನವಾ" ಎಂದಳು.

ಅಧ್ಯಾಪಕಿ ಕೈಮುಗಿಯಲಿಲ್ಲ. ಕ್ಷಮೆಯನ್ನೂ ಕೇಳಲಿಲ್ಲ. ಬೆಂಚಿನ ತುದಿಯಲ್ಲಿ ಅವ್ವನ ಪಕ್ಕ ಕುಳಿತು, "ಹೌದ್ರಿ? ನೀವು ಮರುದಿನ ಬೆರಳಾಗ ಏನ್ ನೋಡ್ತೀರಿ?" ಎಂದು ಕೇಳಿದಳು. ಅವ್ವ ಅವಳ ಕೈಯನ್ನೇ ಎಳೆದುಕೊಂಡು, ಉಗುರನ್ನು ಒತ್ತಿ ಬಿಟ್ಟು, ಬಿಳಿಚಿದ್ದು ಮತ್ತೆ ಕೆಂಪಾಗುವುದನ್ನು ತೋರಿಸಿದಳು. "ಇಷ್ಟ ಬೇಗ ಬಣ್ಣಾ ತಿರುಗಿದ್ರ ಹೋಗ್ರಿ ಅಂತೇನಿ. ತಣ್ಣಗಾಗಿದ್ರ, ಜುಂ ಅಂದ್ರ, ಬಿಚ್ಚೇ ಬಿಡತೇನಿ."

"ನಾವೂ ಇದನ್ನ ನೋಡ್ತೇವ್ರಿ, ಹಿಂಗ ಒತ್ತಿ." ಆಕೆ ಅವ್ವನ ಹೆಬ್ಬೆರಳನ್ನು ಒತ್ತಿ ತೋರಿಸಿ, ಆಮೇಲೆ ಅಷ್ಟೇ ಸಹಜವಾಗಿ, "ಆದರೂ ಅಮ್ಮಾ, ಈ ಚಿತ್ರಾ ತಗಿಯಾಂಗಿಲ್ರಿ ನಾವು. ಎಲ್ಲಾರೂ ನಿಮ್ಮಂಗ ನೋಡಾಂಗಿಲ್ಲ" ಎಂದಳು.

"ತಗೀಬ್ಯಾಡ್ರಿ" ಎಂದಳು ಅವ್ವ.

ಬಸ್ಸು ಬೈಲಹೊಂಗಲದ ದಾರಿ ಹಿಡಿದ ಮೇಲೆ ಅವ್ವ ಮಾತು ತೆಗೆದಳು. ನಾನು ಹುಟ್ಟುವ ಮೊದಲು, ಅಜ್ಜ ತೀರಿದ ಹೊಸತರಲ್ಲಿ, ರಾಮದುರ್ಗದ ಕಡೆಯ ನೇಕಾರನೊಬ್ಬನಿಗೆ ಅವಳು ಮುಂಗೈ ಕಟ್ಟಿದ್ದಳಂತೆ. ಮಗ್ಗ ನಿಂತಿದೆಯೆಂದು ಅವನು ಸಂಜೆಯ ಬಸ್ಸಿಗೇ ಹೊರಟ; ಹೊಸಬಳಾದ ಅವಳಿಗೆ ಇರು ಎನ್ನುವ ಧೈರ್ಯವಾಗಲಿಲ್ಲ. ನಾಲ್ಕು ದಿನದ ಮೇಲೆ ಬಂದಾಗ ಎರಡು ಬೆರಳು ಹೋಗಿದ್ದವು. ಅಪರಿಚಿತರಿಲ್ಲದ ಪಂಕ್ತಿಯನ್ನೇ ಕಾಣದೆ ನಾನು ಬೆಳೆದದ್ದೇಕೆಂದು ಐವತ್ತೆರಡನೆಯ ವಯಸ್ಸಿನಲ್ಲಿ ನನಗೆ ತಿಳಿಯಿತು. ಆ ನಿಯಮ ಅಜ್ಜನದೆಂದೇ ನಾನು ನಂಬಿದ್ದೆ.

"ಅಂವಾ ಎರಡ ಬೆರಳ ಇಲ್ಲದ ಹೆಂಗ ನೇಯ್ದನೋ, ನಾ ಕೇಳಾಕ ಹೋಗಲಿಲ್ಲ" ಎಂದಳು. ಬಳಿಕ ಮೊಮ್ಮಗಳ ಕಡೆ ತಿರುಗಿದಳು. "ಅಲ್ಲಿ ಶಾಲು ಹೊಚ್ಚಿದ್ರು. ನೀ ಹೆಂಗ ಕಟ್ಟತಿ, ಏನ್ ನೋಡತಿ ಅಂತ ಒಬ್ಬರೂ ಕೇಳಲಿಲ್ಲ. ಈ ಹುಡುಗಿ ಕೇಳಿದ್ಲು, ತನ್ನ ಮಾತೂ ಬಿಡಲಿಲ್ಲ. ಇಲ್ಲೇ ಕಲಿ. ಮತ್ತ ಇನ್ನೊಂದು: ಸುಳ್ಳ ಓದಬ್ಯಾಡ. ನಾಳೆ ಮಂದಿ ಕೈ ಹಿಡಿಯಾಕಿ ನೀ."

ಸಹನಾ ಅಜ್ಜಿಯ ಹೆಗಲಿಗೆ ತಲೆಯಿಟ್ಟಳು. ಅತ್ತಳೋ ನಕ್ಕಳೋ ಹಿಂದಿನ ಸೀಟಿನಲ್ಲಿದ್ದ ನನಗೆ ಕಾಣಲಿಲ್ಲ. ಹೆಗಲು ಅಲುಗುತ್ತಿದ್ದುದು ಮಾತ್ರ ಕಂಡಿತು. ಸೋಮವಾರದವರೆಗೆ ಕಾಯದೆ ಬಸ್ಸಿನಲ್ಲೇ ಬೆಳಗಾವಿಗೆ ಫೋನು ಹಚ್ಚಿ ಹೂಂ ಎಂದುಬಿಟ್ಟೆ. ನನ್ನ ಜೀವಮಾನದಲ್ಲೇ ಇಷ್ಟು ಶೀಘ್ರವಾಗಿ ಹೂಂ ಎಂದ ಇನ್ನೊಂದು ಸಂದರ್ಭ ನೆನಪಾಗುವುದಿಲ್ಲ. ಮದುವೆಗೂ ಎಂಟು ದಿನ ತೆಗೆದುಕೊಂಡಿದ್ದೆ. ವಾರವಿಡೀ ಬಿಗಿದುಕೊಂಡಿದ್ದ ಎದೆ ಸಡಿಲವಾಗಿ, ಯಾವುದೋ ಕಟ್ಟು ಬಿಚ್ಚಿದ ಕೈಯಂತೆ, ಮೊದಲು ಸ್ವಲ್ಪ ಜುಮುಗುಟ್ಟಿ ಆಮೇಲೆ ಹಗುರಾಯಿತು.

ಮಗಳು ಹಾಸ್ಟೆಲಿಗೆ ಹೋಗುವ ದಿನ ಅವ್ವ ಅವಳಿಗೆ ಒಂದೇ ಕೆಲಸ ಹೇಳಿದ್ದಳು. ಮೊದಲ ರಜೆಗೆ ಬಂದಾಗ ಸಹನಾ ಉದ್ದನೆಯ ಸುರುಳಿಯೊಂದನ್ನು ತಂದಳು. ಅಧ್ಯಾಪಕಿಯನ್ನು ಕೇಳಿ ಪಡೆದ ಆ ಚಿತ್ರದ ಇನ್ನೊಂದು ಪ್ರತಿ. ಅವ್ವ ಕಟ್ಟು ಹಾಕುವ ನಮ್ಮ ಪಡಸಾಲೆಯಲ್ಲಿ, ಬಂದವರ ಕಣ್ಣಿಗೆ ನೇರವಾಗಿ ಬೀಳುವ ಎತ್ತರದಲ್ಲಿ, ನಾನೇ ಮೊಳೆ ಹೊಡೆದೆ.

ಹೋದ ವಾರ ಸವದತ್ತಿಯ ಕಡೆಯವರೊಬ್ಬರು ಬಂದಿದ್ದರು. ಯರಗಟ್ಟಿಯಲ್ಲಿ ಸ್ಕೂಟರಿನಿಂದ ಜಾರಿ ಮಣಿಕಟ್ಟು ಊದಿಕೊಂಡಿತ್ತು. ಅವ್ವ ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದಿದ್ದಾಗ ಅವರು ಗೋಡೆಯ ಅಕ್ಷರಗಳನ್ನು ಕೂಡಿಸಿ ಕೂಡಿಸಿ ಓದಿ ಮುಗಿಸಿ, ತಮ್ಮ ಕೈಯನ್ನೊಮ್ಮೆ ನೋಡಿಕೊಂಡು, ಹೊಸ್ತಿಲನ್ನೊಮ್ಮೆ ನೋಡಿ, ಅಳುಕುತ್ತ ಕೇಳಿದರು:

"ಅಜ್ಜೀ, ನಿಮ್ಮಂಥಾವರ ಹಂತೇಕ ಹೋಗಬ್ಯಾಡ್ರಿ ಅಂತ ಬರದೈತೆಲ್ರಿ ಇಲ್ಲಿ?"

"ಹೌದು. ಚಿತ್ರಾನೂ ನೋಡಿದ್ರಿಲ್ಲೋ?" ಎಂದಳು ಅವ್ವ, ಎಕ್ಸ್‌ರೇಯಿಂದ ಕಣ್ಣು ತೆಗೆಯದೆ. "ನೋಡಿದ ಮ್ಯಾಲೂ ಕುಂಡ್ರೂದಿದ್ರ ಕುಂಡ್ರಿ. ನಾಳೆ ಮುಂಜಾನೆ ತನಕಾ ಇರಬೇಕಾಕೈತಿ."