ಹುಳದ ತಟ್ಟೆಯಲ್ಲಿ ಉಳಿದ ಕೊನೆಯ ಹಾಳೆ

ಕೋಲಾರದಿಂದ ಬಸ್ಸು ಹಿಡಿದು ಸುಗಟೂರಿನ ಕಡೆಯ ಹೈಸ್ಕೂಲಿಗೆ ಇಂಗ್ಲಿಷ್ ಕಲಿಸಲು ಹೋಗುವವಳು ನಾನು. ನಮ್ಮ ಮಕ್ಕಳಿಗೆ ಟೀಚರಿಗಿಂತ ಗೈಡಿನ ಮೇಲೆ ನಂಬಿಕೆ ಜಾಸ್ತಿ. ಒಂಬತ್ತನೇ ಕ್ಲಾಸಿನ ಒಬ್ಬಳಂತೂ ಕಥೆ ಶುರುವಾಗುವ ಮುಂಚೆಯೇ, "ಕೊನೆಗೆ ಏನಾಯ್ತು ಹೇಳ್ಬಿಡಿ ಮಿಸ್, ಸಾಕು" ಅನ್ನುತ್ತಿದ್ದಳು. ಓದುವ ಕಷ್ಟ ತಪ್ಪಿಸಿಕೊಳ್ಳುವ ಉಪಾಯ. ಇವಳ ಕೈಲಿ ಒಂದಾದರೂ ಪುಸ್ತಕ ಓದಿಸಲೇಬೇಕೆಂದು ನನಗೂ ಹಟ ಬಂತು.

ಕಪಾಟಿನಲ್ಲಿದ್ದ, ರಟ್ಟು ಕಿತ್ತುಹೋದ ಸಣ್ಣ ಇಂಗ್ಲಿಷ್ ಕಥೆಪುಸ್ತಕ ಕೊಟ್ಟೆ. ತಪ್ಪಿಸಿಕೊಂಡ ನಾಯಿಯನ್ನು ಹುಡುಕಿಕೊಂಡು ಊರೂರು ಅಲೆಯುವ ಮುದುಕನ ಕಥೆ. ಕೊನೆ ಏನೆಂದು ಬಾಯಿ ಬಿಡಲಿಲ್ಲ. ವಾರ ಕಳೆದರೂ ಪುಸ್ತಕ ವಾಪಸು ಬರಲಿಲ್ಲ. ಕೇಳಿದರೆ ತಲೆ ತಗ್ಗಿಸುತ್ತಾಳೆ. ಆಮೇಲೆ ನನ್ನ ಪೀರಿಯಡ್ಡಿಗೇ ಚಕ್ಕರ್. ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಒಂದು ಸಂಜೆ ಅವಳ ಮನೆಗೇ ಹೋದೆ.

ರೇಷ್ಮೆ ಸಾಕುವ ಮನೆ. ಬಾಗಿಲಲ್ಲೇ ಅವಳ ಅಜ್ಜಿ ಕೈ ಅಡ್ಡ ಹಿಡಿದರು.

"ಪೌಡರ್ ಹಾಕ್ಕೊಂಡಿದ್ದೀರ, ಹೂವು ಬೇರೆ. ಹುಳಕ್ಕೆ ಆಗಲ್ಲಮ್ಮ, ಅಲ್ಲೇ ಕೂತ್ಕೊಳ್ಳಿ."

ಜಗಲಿಯಲ್ಲಿ ಕೂತ ಮೇಲೆ ವಿಷಯ ಹೊರಬಿತ್ತು. ಪುಸ್ತಕವನ್ನು ರದ್ದಿ ಅಂದುಕೊಂಡ ಅಜ್ಜಿ, ಹಾಳೆ ಬಿಡಿಸಿ ಮರಿಹುಳದ ತಟ್ಟೆಗಳಿಗೆ ಹಾಸಿಬಿಟ್ಟಿದ್ದರು!

"ತಪ್ಪಾಯ್ತಮ್ಮ. ಪುಸ್ತಕ ಅಂದ್ರೆ ರಟ್ಟು ಇರ್ತದೆ ಅಂದ್ಕೊಂಡೆ."

ನಗು ತಡೆಯಲು ನಾನು ಪಟ್ಟ ಪಾಡು ನನಗೇ ಗೊತ್ತು.

"ಹೋಗ್ಲಿ ಬಿಡೇ," ಅಂದೆ ಬಾಗಿಲ ಹಿಂದೆ ಅಡಗಿ ನಿಂತಿದ್ದ ಹುಡುಗಿಗೆ. "ಎಲ್ಲಿವರೆಗೆ ಓದಿದ್ದೆ?"

ಹಾಸುವ ಮುಂಚೆ ಓದಿದ್ದು ಎರಡೇ ಪುಟವಂತೆ. ಆಮೇಲೆ ತಟ್ಟೆಯ ಹಿಕ್ಕೆ ತೆಗೆಯುವಾಗ ಹಾಳೆಗಳು ಹಿಂದುಮುಂದಾಗಿ ಕೈಗೆ ಸಿಕ್ಕಿದ್ದವು. ಮುದುಕ ಯಾಕೆ ಅಳುತ್ತಿದ್ದಾನೆಂದು ತಿಳಿಯದೆ ತಲೆ ಕೆಟ್ಟು, ಸಿಕ್ಕಿದ್ದನ್ನೆಲ್ಲ ಒರೆಸಿ, ನಂಬರು ನೋಡಿ ಜೋಡಿಸಿ, ಮತ್ತೆ ಮತ್ತೆ ಓದಿದ್ದಳು. ನಾಯಿಯನ್ನು ಮುದುಕನೇ ಬೈದು ಓಡಿಸಿದ್ದನೆಂದು ಈಗ ಸಿಟ್ಟಿನಿಂದ ಹೇಳಿದಳು. ಅವಳ ಬಾಯಲ್ಲಿ ಕಥೆ ಕೇಳುತ್ತಾ ನನಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ.

"ಕೊನೇ ಹಾಳೆ ಮೇಲಿನ ತಟ್ಟೇಲಿದೆ ಮಿಸ್. ಹುಳ ಜ್ವರಕ್ಕೆ ಕೂತಿವೆ, ಮುಟ್ಟಂಗಿಲ್ಲ."

ಪೊರೆ ಬಿಡುವ ಮುಂಚೆ ಹುಳ ಮೇವು ಬಿಟ್ಟು ಅಲ್ಲಾಡದೆ ಮಲಗುವುದಕ್ಕೆ ಇಲ್ಲಿ ಜ್ವರ ಅನ್ನುತ್ತಾರೆ. ಹುಡುಗಿಯ ಮುಖ ನೋಡಿ ಪಾಪ ಅನ್ನಿಸಿತು.

"ಅದಕ್ಕೇನಂತೆ, ನಾನೇ ಹೇಳ್ತೀನಿ. ಆ ನಾಯಿ..."

"ಬೇಡ ಮಿಸ್!" ಎರಡೂ ಕಿವಿ ಮುಚ್ಚಿಕೊಂಡಳು. "ಹೇಳ್ಬೇಡಿ! ನಾಳೆ ಹುಳ ಏಳ್ತವೆ, ನಾನೇ ಓದ್ಕೋತೀನಿ."

ಅಜ್ಜಿ ಕೊಟ್ಟ ಕಾಫಿ ಕುಡಿದು, ಬಾಯಿ ಮುಚ್ಚಿಕೊಂಡು ಬಸ್ಸು ಹತ್ತಿದೆ. ಕೋಲಾರ ಬರುವವರೆಗೂ ಖುಷಿಗೆ ಒಬ್ಬಳೇ ನಗುತ್ತಿದ್ದೆ. ಪಕ್ಕದ ಸೀಟಿನ ಹೆಂಗಸು ನನ್ನನ್ನು ನೋಡಿ ಸ್ವಲ್ಪ ಆಚೆ ಸರಿದು ಕೂತಳು.